ವೀಲಾಂಡ್ ಟ್ರೋಮರ್ ತನ್ನ ಹೆಸರನ್ನು ವಾಪಸು ಕೇಳಿದ್ದು

ಪ್ಲಾವೆನ್ ಊರಿನ ಲೇಸು ಕಾರ್ಖಾನೆಯವರಿಗೆ ವೀಲಾಂಡ್ ಟ್ರೋಮರ್ ಎಂದರೆ ಕಸೂತಿ ಮೆಷೀನು ರಿಪೇರಿಯವನು. ಶನಿವಾರ ಸಂಜೆ ರೈಲ್ವೆಯವರ ಕ್ಲಬ್ಬಿಗೆ ಬರುವವರಿಗೆ ಅವನು ಪಿಯಾನೋದವನು. ಎರಡೂ ಕಡೆ ದುಡಿಯುತ್ತಿದ್ದದ್ದು ಅದೇ ಎರಡು ಕೈ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಎಣ್ಣೆಮಸಿ ಹೋಗದೆ ಪಿಯಾನೋದ ಬಿಳಿ ಮನೆಗಳಿಗೆ ಮೆತ್ತಿಕೊಳ್ಳುತ್ತಿತ್ತು. ಕ್ಲಬ್ಬಿನ ಮ್ಯಾನೇಜರು ಬೈಯುತ್ತಿದ್ದ. ವೀಲಾಂಡ್ ತಿರುಗಿ ಬೈಯುತ್ತಿದ್ದ.

ಅವನು ಕಲಿತದ್ದು ಎಂಟನೇ ತರಗತಿಯವರೆಗೆ. ಸ್ವರ ಬರೆಯುವುದನ್ನು ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಮುದುಕ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ. ಜಾಜ್ ಕಲಿಸಿದ್ದು ರೇಡಿಯೋ. ಗಡಿಯಾಚೆಯ ನಿಲಯ ಹಿಡಿದಾಗ ಅಮ್ಮ ರೇಡಿಯೋಕ್ಕೆ ಕಂಬಳಿ ಹೊದಿಸಿ, "ಸಣ್ಣಗಿಡೋ, ಪಕ್ಕದ ಮನೆಯವನ ಕಿವಿ ಉದ್ದ" ಅನ್ನುತ್ತಿದ್ದಳು. ಅಮೆರಿಕದ ದೊಡ್ಡ ದೊಡ್ಡ ತಂಡಗಳನ್ನೆಲ್ಲ ಅವನು ಕೇಳಿದ್ದು ಕಂಬಳಿಯೊಳಗೆ ತಲೆ ಹಾಕಿಕೊಂಡೇ.

ಇಪ್ಪತ್ತೈದಕ್ಕೆ ಮೂವರ ತಂಡ ಕಟ್ಟಿದ. ಡ್ರಮ್ಮಿಗೆ ಬೇಕರಿಯ ಸೀಗ್‌ಮಾರ್, ದೊಡ್ಡ ಪಿಟೀಲಿಗೆ ಅಂಚೆಯವನೊಬ್ಬ. ನುಡಿಸಲು ಆಗ ಸರ್ಕಾರದ ಕಾರ್ಡು ಬೇಕಿತ್ತು. ಎರಡು ವರ್ಷಕ್ಕೊಮ್ಮೆ ಜಿಲ್ಲೆಯ ಸಮಿತಿಯ ಮುಂದೆ ನುಡಿಸಿ ತೋರಿಸಿದರೆ ಕಾರ್ಡು, ಇಲ್ಲದಿದ್ದರೆ ಮನೆಯಲ್ಲಿ ಕೂತು ಶಿಳ್ಳೆ ಹೊಡೆಯಬೇಕು. ಸಾಲದ್ದಕ್ಕೆ ಪ್ರತಿ ಸಂಜೆಯೂ ಪಟ್ಟಿ ಕೊಡಬೇಕು: ಹತ್ತು ಹಾಡು ನುಡಿಸಿದರೆ ಆರು ನಮ್ಮ ದೇಶದವು ಅಥವಾ ಸೋದರ ಕಮ್ಯುನಿಸ್ಟ್ ದೇಶದವು, ನಾಲ್ಕು ಮಾತ್ರ ಹೊರಗಿನವು. ಎಲ್ಲ ತಂಡದವರೂ ಅಮೆರಿಕದ ಹಾಡಿಗೆ ಪೋಲೆಂಡಿನವನೋ ಹಂಗೇರಿಯವನೋ ಒಬ್ಬ ಅಪ್ಪನನ್ನು ಹುಟ್ಟಿಸಿ ಪಟ್ಟಿ ತುಂಬಿಸುತ್ತಿದ್ದರು. ಓದುವವರಿಗೂ ಅದು ಗೊತ್ತಿತ್ತು.

ವೀಲಾಂಡ್ ಮಾಡಿದ ತಪ್ಪೇ ಬೇರೆ. ತಾನು ಕಟ್ಟಿದ ಹಾಡುಗಳಿಗೇ ಬೇರೆಯವನ ಹೆಸರು ಹಾಕಿದ. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ರಿಪೇರಿಯವನು ಸಂಗೀತ ರಚಿಸಿದ ಎಂದರೆ ಹತ್ತು ಪ್ರಶ್ನೆ ಬರುತ್ತದೆ, ಯಾರಿಗೆ ಬೇಕು ಆ ಗೋಳು! ಮೊದಲನೆಯ ಹಾಡು ಏಳರ ನಡೆಯದು. ಮೂರು, ಎರಡು, ಎರಡು ಎಂದು ಕುಂಟಿಕೊಂಡು ಓಡುವಂಥದ್ದು. "ಬಲ್ಗೇರಿಯದವರು ಹಿಂಗೇ ಕುಣಿಯೋದು ಕಣೋ" ಅಂದ ಸೀಗ್‌ಮಾರ್. ಸರಿ, ಹಾಡಿಗೆ 'ಬೆಟ್ಟದ ಕುಣಿತ' ಎಂದು ಹೆಸರಿಟ್ಟು, ಕರ್ತೃವಿನ ಜಾಗದಲ್ಲಿ ಸ್ತೋಯಾನ್ ಕರದಿಮೋವ್ ಎಂದು ಬರೆದರು. ನಾಲ್ಕು ವರ್ಷದಲ್ಲಿ ಹುಟ್ಟೇ ಇರದ ಕರದಿಮೋವ್ ಒಂಬತ್ತು ಹಾಡು ಬರೆದ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

1972ರ ಏಪ್ರಿಲ್‌ನಲ್ಲಿ ಮತ್ತೆ ಸಮಿತಿಯ ಮುಂದೆ ನುಡಿಸಿದರು. ಅಧ್ಯಕ್ಷ ಲೆಂಕ್ ಎದ್ದು ನಿಂತು ಚಪ್ಪಾಳೆ ತಟ್ಟಿದ.

"ಟ್ರೋಮರ್ ಅವರೇ, ಈ ಕರದಿಮೋವ್ ದೊಡ್ಡ ಮನುಷ್ಯ. ಮೇ ತಿಂಗಳ ಸ್ನೇಹ ಸಪ್ತಾಹದಲ್ಲಿ ನಮ್ಮ ನಗರದ ವಾದ್ಯವೃಂದ ಇವರ 'ಬೆಟ್ಟದ ಕುಣಿತ' ನುಡಿಸುತ್ತೆ. ಅವರನ್ನೇ ಕರೆಸೋಣ ಅಂತ ತೀರ್ಮಾನ ಆಗಿದೆ. ನಾಳೆ ಬಲ್ಗೇರಿಯಾದ ಸೋಫಿಯಾಕ್ಕೆ ಕಾಗದ ಹೋಗಬೇಕು, ಬೆಳಿಗ್ಗೆ ಅವರ ವಿಳಾಸ ತಂದುಕೊಡಿ."

ಹೊರಗೆ ಬರುವಷ್ಟರಲ್ಲಿ ಸೀಗ್‌ಮಾರ್‌ನ ಮುಖ ಅವನ ಹಿಟ್ಟಿಗಿಂತ ಬೆಳ್ಳಗಾಗಿತ್ತು.

"ಸತ್ತೋದ ಅಂತ ಹೇಳಿಬಿಡೋ! ಹೃದಯ ನಿಂತೋಯ್ತು, ಪಾಪ, ಒಳ್ಳೇ ಮನುಷ್ಯ ಅಂತ. ಒಂದು ನಿಮಿಷ ಮೌನ ಆಚರಿಸ್ತಾರೆ, ಅಲ್ಲಿಗೆ ಮುಗೀತು."

"ನಾನ್ಯಾಕೋ ಸಾಯ್ಲಿ?" ಅಂದ ವೀಲಾಂಡ್.

"ನೀನಲ್ಲ ಕಣೋ, ಕರದಿಮೋವ್!"

"ಕರದಿಮೋವ್ ಯಾರು? ನಾನೇ ತಾನೆ?"

ಅದುವರೆಗೂ ಅವನಿಗೇ ಅದು ಹೊಳೆದಿರಲಿಲ್ಲ. ಲೆಂಕ್ ಚಪ್ಪಾಳೆ ತಟ್ಟುವಾಗ ಎದೆಯೊಳಗೆ ಚುರ್ ಅಂದದ್ದು ಭಯವಲ್ಲ, ಹೊಟ್ಟೆಕಿಚ್ಚು. ಇಲ್ಲದವನೊಬ್ಬನ ಮೇಲೆ ಹೊಟ್ಟೆಕಿಚ್ಚು!

ಮನೆಯಲ್ಲಿ ಹೆಂಡತಿ ರೋಸ್ವಿಟಾ ಆಲೂಗಡ್ಡೆ ಉಂಡೆ ಬೇಯಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು ಸೌಟು ಕೆಳಗಿಟ್ಟಳು.

"ನಿಜ ಹೇಳಿದ್ರೆ ಸುಳ್ಳು ಪಟ್ಟಿ ಕೊಟ್ಟೆ ಅಂತ ಕಾರ್ಡು ಕಿತ್ಕೋತಾರೆ."

"ಕಿತ್ಕೊಳ್ಳಲಿ."

"ಶನಿವಾರ ನುಡಿಸದೆ ನೀನು ಮನೇಲಿದ್ರೆ ನನ್ನ ತಲೆ ತಿಂತೀಯ."

"ತಿಂತೀನಿ."

"ಹಂಗಾದ್ರೆ ಹೋಗಿ ಹೇಳು," ಅಂದಳು. "ಒಂಬತ್ತು ಮಕ್ಕಳನ್ನ ಹೆತ್ತು ಯಾರೋ ಬಲ್ಗೇರಿಯದವನ ಮಡಿಲಿಗೆ ಹಾಕೋಕಾಗುತ್ತಾ? ಮೊದಲು ಉಂಡೆ ತಿನ್ನು, ಆರೋಗುತ್ತೆ."

ಮರುದಿನ ಬೆಳಿಗ್ಗೆ ಕೆಲಸದ ಬಟ್ಟೆಯಲ್ಲೇ ಸಮಿತಿಯ ಕೋಣೆಗೆ ಹೋದ. ಲೆಂಕ್ ಪೆನ್ನು ಹಿಡಿದು ಕೂತಿದ್ದ. ಪಕ್ಕದಲ್ಲಿ ಕಾರ್ಮಿಕರ ಪರವಾಗಿ ಸಮಿತಿಯಲ್ಲಿದ್ದ ಹೆರ್ಟಾ ಶೂಸ್ಟರ್ ಕಾಫಿ ಕುಡಿಯುತ್ತಿದ್ದಳು. ಲೇಸು ಕಾರ್ಖಾನೆಯ ಮೂರನೇ ಹಾಲಿನಲ್ಲಿ ಇಪ್ಪತ್ತು ವರ್ಷ ಕಸೂತಿ ಮೆಷೀನು ಓಡಿಸಿದ ಹೆಂಗಸು. ಹಿಂದಿನ ದಿನದ ಪರೀಕ್ಷೆಗೆ ರಜೆ ಸಿಗದೆ ಬಂದಿರಲಿಲ್ಲ.

"ವಿಳಾಸ?" ಅಂದ ಲೆಂಕ್.

"ಕಾರ್ಖಾನೆ ಹಿಂದಿನ ಬೀದಿ, ಹದಿನಾಲ್ಕನೇ ನಂಬರು, ಎರಡನೇ ಮಹಡಿ," ಅಂದ ವೀಲಾಂಡ್. "ಕರದಿಮೋವ್ ಅನ್ನೋನಿಲ್ಲ. ಒಂಬತ್ತೂ ನಾನು ಮಾಡಿದ್ದು."

ಲೆಂಕ್ ಮೊದಲು ನಕ್ಕ. ಆಮೇಲೆ ಮುಖ ಬಿಗಿದ.

"ತಮಾಷೆ ಬೇಡ. ಇಂಥ ಅಪ್ಪಟ ಜಾನಪದ ನಡೆ ಮೆಷೀನು ರಿಪೇರಿಯವರಿಗೆ ಎಲ್ಲಿಂದ ಬರಬೇಕು? ನಮ್ಮ ಶಾಲೆಯಲ್ಲಿ ಕಲಿತವರಿಗೇ ಬರಲ್ಲ."

ವೀಲಾಂಡ್‌ಗೆ ನೆತ್ತಿಗೇರಿತು. ಮೂಲೆಯಲ್ಲಿದ್ದ ಪಿಯಾನೋ ಮುಚ್ಚಳ ತೆಗೆದವನೇ ಎಡಗೈ ಒಂದರಲ್ಲೇ ಆ ನಡೆ ಶುರು ಮಾಡಿದ. ಮೂರು, ಎರಡು, ಎರಡು. ಮೂರು, ಎರಡು, ಎರಡು.

ಹೆರ್ಟಾ ಕಾಫಿ ಬಟ್ಟಲು ಕೆಳಗಿಟ್ಟಳು. ತಲೆ ಓರೆ ಮಾಡಿ ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಬಲಗಾಲು ತಾನಾಗಿಯೇ ನೆಲ ಒತ್ತತೊಡಗಿತು.

"ಅಯ್ಯೋ, ಇದು ನನ್ನ ಮೆಷೀನು!" ಅಂದಳು.

"ಏನಂದ್ರಿ?"

"ಹನ್ನೊಂದನೇ ನಂಬರು, ಸ್ವಾಮಿ! ಹಲ್ಲು ಮುರಿದ ಚಕ್ರದ್ದು. ಹೊಸ ಚಕ್ರ ಕೊಡಿ ಅಂತ ನಾನು ಅರ್ಜಿ ಬರೆದು ಬರೆದು ಸಾಕಾಯ್ತು. ಇಪ್ಪತ್ತು ವರ್ಷ ಈ ಕುಂಟು ಸದ್ದಿಗೆ ನನ್ನ ಸೊಂಟ ಬಿದ್ದೋಗಿದೆ, ಇದನ್ನ ನೀವು ಬಲ್ಗೇರಿಯಾ ಅಂತೀರಾ? ಲೋ ಟ್ರೋಮರ್, ಆ ಚಕ್ರ ಬದಲಾಯಿಸದೆ ಇದ್ದದ್ದು ಇದಕ್ಕೇನೋ?"

"ಚಕ್ರ ಬರಲಿಲ್ಲ, ಹೆರ್ಟಾ. ಬಂದಿದ್ರೂ..." ಅಂದು ವೀಲಾಂಡ್ ಅಲ್ಲಿಗೇ ನಿಲ್ಲಿಸಿದ.

"ಬಂದಿದ್ರೂ ಹಾಕ್ತಿರಲಿಲ್ಲ, ಕಳ್ಳ!"

ಲೆಂಕ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಯಕ್ರಮ ಮೇಲಿನವರಿಂದ ಒಪ್ಪಿಗೆಯಾಗಿ ಬಂದಿತ್ತು, ಹಾಡು ತೆಗೆಯುವಂತಿಲ್ಲ. ಸುಳ್ಳು ಪಟ್ಟಿಯನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. ಕೊನೆಗೆ ಒಂದು ವರ್ಷ ಕಾರ್ಡು ರದ್ದು ಎಂದು ಬರೆದ. ಅದೇ ಪೆನ್ನಿನಲ್ಲಿ ಕಾರ್ಯಕ್ರಮದ ಹಾಳೆಯಲ್ಲಿದ್ದ ಕರದಿಮೋವ್‌ನನ್ನು ಹೊಡೆದುಹಾಕಿ, "ಟ್ರೋಮರ್ ಅನ್ನೋದಕ್ಕೆ ಎರಡು ಎಂ ತಾನೆ?" ಎಂದು ಕೇಳಿದ. ನುಡಿಸುವವನಿಗೆ ಕಾರ್ಡು ಬೇಕು ಎಂದು ಕಾನೂನಿತ್ತು. ರಚಿಸುವವನಿಗೆ ಬೇಕು ಎಂದು ಎಲ್ಲೂ ಇರಲಿಲ್ಲ.

ವಾದ್ಯವೃಂದದ ಅಭ್ಯಾಸಕ್ಕೆ ವೀಲಾಂಡ್ ಹೋಗಿ ಕೆಳಗಿನ ಕುರ್ಚಿಯಲ್ಲಿ ಕೂತ. ಅವರ ಪಿಯಾನೋದವನು ಕೋಟು ತೊಟ್ಟ ಸುಸಂಸ್ಕೃತ. ಏಳರ ನಡೆಯನ್ನು ಇಸ್ತ್ರಿ ಹಾಕಿದಂತೆ ಸಪಾಟು ಮಾಡಿಬಿಟ್ಟಿದ್ದ.

"ನಿಲ್ಸ್ರೀ!" ಎಂದು ಗುಡುಗಿದ ವೀಲಾಂಡ್. "ಅದು ಕುಂಟಬೇಕು! ನೀವು ಮೆರವಣಿಗೆ ಹೊರಡಿಸಿದ್ದೀರಿ!"

"ಕಾರ್ಡಿಲ್ಲದವರು ವೇದಿಕೆ ಹತ್ತೋ ಹಾಗಿಲ್ಲ," ಅಂದ ವಾದ್ಯವೃಂದದ ಮ್ಯಾನೇಜರು.

"ಹತ್ತಿದ್ನೇನ್ರೀ?" ಅಂದವನೇ ಕೆಳಗೆ ನಿಂತು ವೇದಿಕೆಯ ಹಲಗೆಯ ಮೇಲೆ ಎರಡೂ ಅಂಗೈಯಲ್ಲಿ ಬಡಿದು ತೋರಿಸಿದ. ಅರ್ಧ ಗಂಟೆ ಬಡಿದ. ಕೋಟಿನವನು ಕೊನೆಗೆ ಕೋಟು ತೆಗೆದ. ಆಮೇಲೆ ಬಂತು ನಡೆ.

ಸಪ್ತಾಹದ ದಿನ ಮೂರನೇ ಹಾಲಿನ ಹೆಂಗಸರೆಲ್ಲ ಹೆರ್ಟಾಳ ಹಿಂದೆ ಎರಡು ಸಾಲು ತುಂಬಿದ್ದರು. ನಿರೂಪಕ "ಸಂಗೀತ, ವೀಲಾಂಡ್ ಟ್ರೋಮರ್" ಎಂದು ಓದಿದಾಗ ವೀಲಾಂಡ್ ಬೇರೆ ಯಾರನ್ನೋ ಕರೆದರು ಎಂಬಂತೆ ಕೂತಿದ್ದ. ರೋಸ್ವಿಟಾ ಮೊಣಕೈಯಲ್ಲಿ ತಿವಿದಳು. ಎದ್ದು ನಿಂತ. ಬಗ್ಗಿ ನಮಸ್ಕರಿಸಬೇಕು ಎಂದು ಗೊತ್ತಾಗಲಿಲ್ಲ, ನೆಟ್ಟಗೆ ನಿಂತೇ ಇದ್ದ. ಹಾಡು ಶುರುವಾದರೂ ಕೂರಲಿಲ್ಲ. ಹಿಂದಿನವರು "ಕೂತ್ಕೊಳ್ಳಿ ಮಾರಾಯ್ರೇ" ಅಂದ ಮೇಲೆ ಕೂತ.

ಕಾರ್ಡಿಲ್ಲದ ಆ ವರ್ಷದಲ್ಲಿ ಹದಿನಾಲ್ಕು ಹಾಡು ಬರೆದ. ಶನಿವಾರ ಬಿಡುವಿತ್ತಲ್ಲ! ಸ್ವಿಕಾವಿನಿಂದ, ಗೇರಾದಿಂದ ತಂಡದವರು ಅಡುಗೆಮನೆಗೇ ಬಂದು ಸ್ವರದ ಹಾಳೆ ನಕಲು ಮಾಡಿಕೊಂಡು ಹೋದರು. ಮೊದಲು ಹಾಳೆಯ ತಲೆಯ ಮೇಲೆ ಕರ್ತೃವಿನ ಹೆಸರು ಬರೆಯಬೇಕು, ರೋಸ್ವಿಟಾ ನೋಡಬೇಕು, ಆಮೇಲೆ ಸ್ವರ. ಬರುಬರುತ್ತಾ ಡ್ರೆಸ್ಡೆನ್‌ನವರು ಬಂದರು, ಬರ್ಲಿನ್‌ನವರು ಬಂದರು. ಕಾರ್ಖಾನೆ ಬಿಟ್ಟು ಬನ್ನಿ ಎಂದು ಕರೆದವರಿಗೆ, "ಅಲ್ಲಿ ಎಷ್ಟು ಮೆಷೀನಿದೆ?" ಎಂದು ಕೇಳಿ ಸುಮ್ಮನಾಗಿಸುತ್ತಿದ್ದ.

ವರ್ಷ ತುಂಬಿದ ದಿನ ಕಾರ್ಡು ಟಪಾಲಿನಲ್ಲಿ ಬಂತು. ರೋಸ್ವಿಟಾ ತಂದು ಮುಂದೆ ಹಿಡಿದಳು. ಅವನು ನಿಧಾನದ ಹಾಡೊಂದರ ನಡುವೆ ಸಿಕ್ಕಿಕೊಂಡಿದ್ದ.

"ಅಲ್ಲಿಡು," ಅಂದ, ತಲೆ ಎತ್ತದೆ. "ಇಲ್ಲಿ ಕೂತು ಇದನ್ನೊಂದು ಸಲ ಕೇಳು. ಎಲ್ಲೋ ಒಂದು ಸ್ವರ ಹೆಚ್ಚಾಗಿದೆ, ಯಾವುದು ಹೇಳು."