ಮೂರನೇ ಕೂಗು

ನಮ್ಮೂರಲ್ಲಿ ಇಂಗ್ಲಿಷ್ ಇದ್ದದ್ದು ಎರಡೇ ಕಡೆ. ಒಂದು ಗೊಬ್ಬರದ ಚೀಲದ ಮೇಲೆ, ಇನ್ನೊಂದು ಹನುಮಂತರಾಯಪ್ಪ ಮೇಷ್ಟ್ರ ಬಾಯಲ್ಲಿ. ಸಾಸಲು ಹೋಬಳಿಯ ಸರ್ಕಾರಿ ಹೈಸ್ಕೂಲೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿ, ಹೋದ ವರ್ಷ ನಿವೃತ್ತರಾದರು. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ, ಅವರ ಕೈಕೆಳಗೇ ಕಲಿತ ನಾನು, ಕವಿತ, ಅತಿಥಿ ಶಿಕ್ಷಕಿಯಾಗಿ ಅವರ ಕುರ್ಚಿಯಲ್ಲಿ ಕೂತೆ.

ಕೂತ ಮೊದಲ ತಿಂಗಳೇ ಮರ್ಯಾದೆ ಹೋಯಿತು. ಎಂಟನೇ ಕ್ಲಾಸಿನ ಕೀರ್ತನ ಎಂಬ ಹುಡುಗಿ ಎದ್ದು ನಿಂತು, ಹಿಯರ್ ಅಂದರೂ ಕೇಳುವುದು, ಲಿಸನ್ ಅಂದರೂ ಕೇಳುವುದು, ಒಂದೇ ಕೆಲಸಕ್ಕೆ ಎರಡು ಮಾತು ಯಾಕೆ ಮಿಸ್ ಅಂದಳು. ಎರಡೂ ಒಂದೇ, ಕೂತ್ಕೊ ಅಂದೆ. ಅವಳು ಕೂತಳು, ಆದರೆ ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ. ಆ ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ನೇರವಾಗಿ ಮೇಷ್ಟ್ರ ತೋಟದ ಮನೆಗೆ ನಡೆದೆ.

ಮನೆ ಊರಿಂದ ಅರ್ಧ ಮೈಲಿ ಆಚೆ. ಮೇಷ್ಟ್ರು ಜಗಲಿಯ ಮೇಲೆ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನೀಲಿ ನೈಲಾನ್ ಹಗ್ಗವೊಂದನ್ನು ಸುರುಳಿ ಸುತ್ತಿ ಇಟ್ಟಿದ್ದರು. ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಅವರ ಕೃಷಿ ಹೊಂಡ. ಇಲಾಖೆಯವರ ಸಹಾಯದಿಂದ ತೋಡಿಸಿ, ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ. ಆ ಹಾಳೆಗೆ ಪಾಚಿ ಹಿಡಿದರೆ ಬೆಕ್ಕು ಕೂಡ ಹತ್ತಿ ಬರಲಾರದು. ಎರಡು ವರ್ಷದ ಹಿಂದೆ ಮೇಷ್ಟ್ರ ಹೆಂಡತಿ ಮುನಿವೆಂಕಟಮ್ಮ ಹಸುವಿಗೆ ನೀರು ತರಲು ಹೋಗಿ ಅದರಲ್ಲಿ ಜಾರಿ ಬಿದ್ದು ತೀರಿಕೊಂಡರು. ಅಷ್ಟು ಊರಿಗೆಲ್ಲ ಗೊತ್ತಿತ್ತು.

ನನ್ನ ಪ್ರಶ್ನೆ ಕೇಳಿ ಮೇಷ್ಟ್ರು ಒಮ್ಮೆ ಹೊಂಡದ ಕಡೆ ನೋಡಿದರು. ಆಮೇಲೆ ಮೊದಲಿನ ಹಾಗೆಯೇ ಪಾಠ ಶುರು ಮಾಡಿದರು. ಆಚೆ ನವಿಲು ಕೂಗಿದರೆ ಬೇಡವೆಂದರೂ ಕಿವಿಗೆ ಬೀಳುತ್ತದೆ, ಕಣ್ಣಿಗಿರುವ ಹಾಗೆ ಕಿವಿಗೆ ರೆಪ್ಪೆ ಇಲ್ಲ, ಅದು ಹಿಯರ್. ಲಿಸನ್ ಮಾಡಬೇಕಾದರೆ ನಾವಾಗಿ ಮನಸ್ಸು ಕೊಡಬೇಕು. ಅದಕ್ಕೇ ಲಿಸನ್ ಆದಮೇಲೆ ಟು ಬರುತ್ತದೆ, ಯಾರ ಕಡೆಗೆ ತಿರುಗಿದ್ದೀಯ ಎಂದು ಹೇಳಲೇಬೇಕು. ಫೋನಿನಲ್ಲಿ ದನಿ ತಲುಪುತ್ತಿದೆಯೇ ಎಂದು ಕೇಳುವಾಗ ಹಿಯರ್. ತಲುಪಿದ ಮಾತನ್ನು ಮಗ ಕಿವಿಗೆ ಹಾಕಿಕೊಳ್ಳದಿದ್ದರೆ, ಅಮ್ಮ ಬೈಯುವುದು ಲಿಸನ್ ಮಾಡಲಿಲ್ಲವೆಂದು. ಎರಡೂ ಒಂದೇ ಬಾಗಿಲಿಂದ ಒಳಗೆ ಬರುತ್ತವೆ, ಆದರೆ ಒಂದು ಹೊಸಿಲಲ್ಲೇ ನಿಲ್ಲುತ್ತದೆ ಅಂದರು.

ನಾನು ಬರೆದುಕೊಳ್ಳುತ್ತಿದ್ದೆ. ಮೇಷ್ಟ್ರು ಮಾತಿನ ಮಧ್ಯೆ ಕೈ ಎತ್ತಿ ನನ್ನನ್ನು ತಡೆದರು. ತಲೆ ಹೊಂಡದ ಕಡೆ ವಾಲಿತು. ಸೂರ್ಯ ನೆತ್ತಿಯ ಮೇಲಿದ್ದ. ಹೊಂಗೆ ಮರದಲ್ಲಿ ಅಷ್ಟು ಹೊತ್ತೂ ಗಲಾಟೆ ಮಾಡುತ್ತಿದ್ದ ಹಕ್ಕಿಗಳು ಸುಮ್ಮನಾಗಿದ್ದವು. ನನಗೆ ಏನೂ ಕೇಳಿಸಲಿಲ್ಲ. ಆದರೆ ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸು ಮೇವು ಬಿಟ್ಟು ತಲೆ ಎತ್ತಿ ಹೊಂಡದ ಕಡೆಗೇ ನೋಡುತ್ತಿತ್ತು.

ಮೇಷ್ಟ್ರು ಸ್ವಲ್ಪ ಹೊತ್ತಾದ ಮೇಲೆ ಕೈ ಇಳಿಸಿದರು. "ಎರಡೇ," ಅಂದರು. "ಇವತ್ತೂ ಎರಡೇ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಮುಖ ಸಣ್ಣದು ಮಾಡಿಕೊಂಡಳು. ನಮ್ಮ ಕಡೆ ಇದು ಎಲ್ಲ ಮಕ್ಕಳಿಗೂ ಹಾಲಿನ ಜೊತೆಗೇ ಕುಡಿಸುವ ಮಾತು: ಮಟಮಟ ಮಧ್ಯಾಹ್ನ ಒಬ್ಬರೇ ಇರುವಾಗ ಯಾರಾದರೂ ಕರೆದರೆ, ಮೊದಲನೇ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೊಡಬಾರದು. ಗಾಳಿ ನಮ್ಮವರ ದನಿಯಲ್ಲೇ ಕರೆಯುತ್ತದೆ. ಆದರೆ ಅದಕ್ಕೆ ಎರಡು ಕೂಗಿಗಷ್ಟೇ ಉಸಿರಿರುತ್ತದೆ. ಮೂರನೇ ಸಲ ಕರೆದರೆ ಮಾತ್ರ ಮನುಷ್ಯರು. ಓದಿದವಳು ನಾನು, ನಗಬೇಕಿತ್ತು. ನಗು ಬರಲಿಲ್ಲ, ಯಾಕೆಂದರೆ ನಾನೂ ಇವತ್ತಿನವರೆಗೆ ಹಾಗೆಯೇ ಮಾಡಿಕೊಂಡು ಬಂದವಳು.

ಮೇಷ್ಟ್ರ ಮಗಳು ಸಿಂಚನ ನೆಲಮಂಗಲದ ಆಸ್ಪತ್ರೆಯೊಂದರಲ್ಲಿ ನರ್ಸು. ನಾನು ಶನಿವಾರ ಹೋಗುವುದು ತಿಳಿದು ಫೋನು ಮಾಡಿದಳು. ಹೊಂಡ ಮುಚ್ಚಿಸೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ, ತನ್ನ ಜೊತೆ ಬಂದು ಇರಿ ಎಂದರೂ ಕೇಳುತ್ತಿಲ್ಲ ಎಂದು ಅತ್ತಳು. ಹೊಂಡದಿಂದ ಮೂರನೇ ಸಲ ಕರೆದರೆ ಹೋಗುತ್ತೇನೆ ಅನ್ನುತ್ತಾರಂತೆ, ಆ ಮಾತಿಗೇ ಅವಳ ಜೀವ ಹಾರಿಹೋಗಿತ್ತು.

"ಕವಿತಕ್ಕ, ಆ ಹಗ್ಗ ಯಾಕೆ ಪಕ್ಕದಲ್ಲೇ ಇಟ್ಕೊಂಡಿರ್ತಾರೆ? ನೀವು ಹೋದಾಗ ಹೆಂಗಾದ್ರೂ ಎತ್ತಿಟ್ಬಿಡಿ."

ಮುಂದಿನ ವಾರ ಮೇಷ್ಟ್ರು ನೀರು ಕುಡಿಯಲು ಒಳಗೆ ಹೋದಾಗ ಹಗ್ಗ ಎತ್ತಿ ಕೊಟ್ಟಿಗೆಯ ಹುಲ್ಲಿನಡಿ ಬಚ್ಚಿಟ್ಟೆ. ಅದರ ತುಂಬ ಗಂಟುಗಳಿದ್ದವು, ಯಾಕೆಂದು ಆ ಗಡಿಬಿಡಿಯಲ್ಲಿ ಯೋಚಿಸಲಿಲ್ಲ. ಅದರ ಮುಂದಿನ ವಾರ ನೋಡಿದರೆ ಅದೇ ಜಾಗದಲ್ಲಿ ಅದೇ ಸುರುಳಿ. ಮೇಷ್ಟ್ರು ಏನೂ ಕೇಳಲಿಲ್ಲ. ನನಗೆ ಮಾತ್ರ ಭಯವಾಯಿತು. ಇಷ್ಟು ಕಲಿಸಿದ ಮನುಷ್ಯ ಒಂದು ದಿನ ಕುರ್ಚಿಯಿಂದ ಎದ್ದು ನೆಟ್ಟಗೆ ಆ ನೀರಿಗೆ ನಡೆದುಬಿಡುತ್ತಾರೆ, ಇಲ್ಲ ಆ ಹಗ್ಗಕ್ಕೆ ಕೊರಳು ಕೊಡುತ್ತಾರೆ ಎಂದು ಶನಿವಾರಗಳನ್ನೆಲ್ಲ ಹೆದರಿಕೊಂಡೇ ಕಳೆದೆ.

ಶ್ರಾವಣದಲ್ಲಿ ಒಂದು ದಿನ ಅವರೇ ಹೇಳಿದರು. ಹೆಂಡತಿ ಹೊಂಡಕ್ಕೆ ಬಿದ್ದ ದಿನ ಶಾಲೆಗೆ ರಜೆ, ಮಟಮಟ ಮಧ್ಯಾಹ್ನ ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದುತ್ತ ಇದೇ ಕುರ್ಚಿಯಲ್ಲಿ ಕೂತಿದ್ದರು. ಗಂಡನ ಹೆಸರು ಹಿಡಿಯದ ಮುನಿವೆಂಕಟಮ್ಮ ಊರಿನವರ ಹಾಗೆಯೇ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಹೊಂಡದ ಕಡೆಯಿಂದ ಮೇಷ್ಟ್ರೇ ಎಂದು ಒಂದು ಕೂಗು ಬಂತು. ಪೆನ್ನು ನಿಂತಿತು. ಮಕ್ಕಳಿಗೆಲ್ಲ ಗಾಳಿ ಗೀಳಿ ಸುಳ್ಳು ಎಂದು ಹೇಳಿಕೊಟ್ಟವರು ಅವರು. ಆದರೂ ತೀರಿಹೋದ ಅವ್ವನ ಮಾತು ನೆನಪಾಯಿತಂತೆ. ಎರಡನೆಯದೂ ಬಂತು. ಇನ್ನೊಂದು ಬರಲಿ ಎಂದು ಕಾದರು. ಬರಲಿಲ್ಲ. ಅಲ್ಲಿಗೆ ಗಾಳಿಯೇ ಸರಿ ಎಂದುಕೊಂಡು ಆ ಪತ್ರಿಕೆ ಪೂರ್ತಿ ತಿದ್ದಿ, ಅಂಕ ಹಾಕಿ, ಆಮೇಲೆ ಎದ್ದರು.

"ನಂಗೆ ಕೇಳ್ಸಿತ್ತು ಕಣಮ್ಮ," ಅಂದರು. "ಕಿವುಡನಾಗಿದ್ರೆ ದೇವರೂ ಕ್ಷಮಿಸ್ತಿದ್ದ."

ನನಗೆ ಅವರ ಮೇಲೆ ಕೋಪ ಬಂತು, ಅಳುವೂ ಬಂತು. ಅವತ್ತಿನಿಂದ ಮನೆಯಲ್ಲಿದ್ದ ದಿನವೆಲ್ಲ ಆ ಹೊತ್ತಿಗೆ ಅದೇ ಎರಡು ಕೂಗು ಬರುತ್ತವೆ, ಬದುಕಿದ್ದಾಗ ಕೂಗಲಾರದೆ ಹೋದ ಮೂರನೆಯದು ಅವಳ ಹತ್ತಿರ ಬಾಕಿ ಇದೆ ಎಂದರು. ನಾನು ಬ್ಯಾಗು ಎತ್ತಿಕೊಂಡು ತಿರುಗಿ ನೋಡದೆ ಊರು ಸೇರಿದೆ.

ಗೌರಿ ಹಬ್ಬದ ಹಿಂದಿನ ಶನಿವಾರ ಶಾಲೆ ಬಿಟ್ಟಾಗ ತಡವಾಗಿತ್ತು. ಬಿಸಿಲು ಜೋರಾಗಿತ್ತು, ಅದಕ್ಕೆ ಹೊಂಡದ ಏರಿಯ ಮೇಲಿನ ಅಡ್ಡದಾರಿ ಹಿಡಿದೆ. ಬೇಲಿಯ ಕಲ್ಲುಕಂಬದ ಪಕ್ಕ ಮೇಷ್ಟ್ರ ಚಪ್ಪಲಿ ಬಿಟ್ಟಿತ್ತು. ಎರಡೂ ನೀರಿಗೆ ಮುಖ ಮಾಡಿದ್ದವು. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಆಗೇ ಹೋಯಿತು ಅಂದುಕೊಂಡೆ. ತಂತಿ ದಾಟಿ ಬಗ್ಗಿ ನೋಡಿದೆ. ಕಾಲ ಕೆಳಗಿನ ಹಾಳೆ ಎಳೆದುಕೊಂಡ ಹಾಗೆ ಜಾರಿತು. ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ಮೇಲೆ ಬಂದು ಹಾಳೆ ಹಿಡಿಯಲು ನೋಡಿದರೆ ಲೋಳೆ, ಉಗುರಿಗೂ ಸಿಗುತ್ತಿಲ್ಲ. ಕೂಗಬೇಕೆಂದು ಬಾಯಿ ತೆರೆದೆ, ಪಾಚಿ ನೀರು ಗಂಟಲಿಗೇ ಇಳಿಯಿತು. ಮತ್ತೆ ಮುಳುಗಿದೆ. ಮೇಷ್ಟ್ರ ಮನೆ ಇನ್ನೂರು ಹೆಜ್ಜೆ ದೂರ ಇದೆ, ನನಗೆ ಒಂದು ಕೂಗಿಗೂ ಉಸಿರಿಲ್ಲ ಎಂದು ಮಾತ್ರ ತಿಳಿಯುತ್ತಿತ್ತು. ನೀರೊಳಗೆ ಯಾರೋ ನನ್ನ ಬೆನ್ನಿಗೆ ಅಂಗೈ ಕೊಟ್ಟು ಮೇಲಕ್ಕೆ ನೂಕಿದ ಹಾಗಿತ್ತು. ಅದು ಆ ಗಾಬರಿಯಲ್ಲಿ ಅನ್ನಿಸಿದ್ದೂ ಇರಬಹುದು.

ತಲೆ ಎತ್ತಿದಾಗ ಮುಖದ ಮೇಲೆ ನೀಲಿ ಹಗ್ಗ ಬಿತ್ತು.

ಮೇಷ್ಟ್ರು ಅದರ ಒಂದು ತುದಿಯನ್ನು ಕಲ್ಲುಕಂಬಕ್ಕೆ ಬಿಗಿದು, ಏರಿಯ ಮೇಲೆ ಅಂಗಾತ ಬಿದ್ದು ಎಳೆಯುತ್ತಿದ್ದರು. ಹಗ್ಗದ ತುಂಬ ಗೇಣಿಗೊಂದು ಗಂಟು ಹಾಕಿತ್ತು, ಕೈ ಜಾರದಿರಲೆಂದು. ಎರಡು ವರ್ಷದಿಂದ ಅವರು ಆ ಹಗ್ಗ ಇಟ್ಟುಕೊಂಡು ಕೂತಿದ್ದದ್ದು ಸಾಯುವುದಕ್ಕಲ್ಲ ಎಂದು ಆ ಗಂಟುಗಳನ್ನು ಹಿಡಿದಾಗ ಗೊತ್ತಾಯಿತು.

ಬಹಳ ಹೊತ್ತು ಇಬ್ಬರೂ ಏರಿಯ ಮೇಲೆ ಬಿದ್ದಿದ್ದೆವು. ಮೇಷ್ಟ್ರು ಮುಸುಕಿನ ಜೋಳದ ಹೊಲಕ್ಕೆ ನೀರು ತಿರುಗಿಸಲು ಅಲ್ಲಿ ಚಪ್ಪಲಿ ಬಿಟ್ಟು ಹೋಗಿ, ಕೆಸರುಗಾಲಲ್ಲೇ ಹೊಲದ ದಾರಿಯಿಂದ ಮನೆ ಸೇರಿದ್ದರಂತೆ. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

"ಇವತ್ತು ಮೂರಾಯ್ತು. ಮೂರನೇದು ನೀನಾ ಕೂಗಿದ್ದು?"

ನಾನೇ ಅಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಸಿಂಚನ ಇದ್ದಿದ್ದರೆ ಹಾಗೆ ಹೇಳಿ ಎಂದು ಕಣ್ಣು ಮಾಡುತ್ತಿದ್ದಳು. ನಾನೂ ಪಾಠ ಹೇಳುವವಳು, ದಿನಕ್ಕೆ ನಾಲ್ಕು ಸುಳ್ಳು ನನಗೆ ಕಷ್ಟವಲ್ಲ. ಆದರೆ ಈ ಮನುಷ್ಯನಿಗೆ ಹೇಳಲು ನಾಲಗೆ ಏಳಲಿಲ್ಲ.

"ಇಲ್ಲ ಸಾರ್. ಬಾಯಿ ತುಂಬ ನೀರಿತ್ತು. ನಾನು ಕೂಗ್ಲೇ ಇಲ್ಲ."

ಮೇಷ್ಟ್ರು ಹೊಂಡದ ಕಡೆ ತಿರುಗಿ ಕೂತರು. ಮುನಿವೆಂಕಟಮ್ಮನ ತಿಥಿಯಲ್ಲೂ ಅಳದ ಮನುಷ್ಯ ಚಿಕ್ಕ ಮಕ್ಕಳ ಹಾಗೆ ಬಾಯಿ ಬಿಟ್ಟು ಅತ್ತರು. ನಾನು ತಡೆಯಲಿಲ್ಲ.

ಸಂಜೆಗೆ ಅವರೇ ಮಗಳಿಗೆ ಫೋನು ಮಾಡಿ ಹೊಂಡ ಮುಚ್ಚಿಸು ಅಂದರು. ಜೆಸಿಬಿ ಬಂದು ಅರ್ಧ ದಿನದಲ್ಲಿ ಮಣ್ಣು ತುಂಬಿತು. ಅವತ್ತಿನಿಂದ ಕೂಗಿಲ್ಲ ಅನ್ನುತ್ತಾರೆ ಮೇಷ್ಟ್ರು. ಹಸು ಕೂಡ ಮಧ್ಯಾಹ್ನ ತಲೆ ಎತ್ತದೆ ಮೇಯುತ್ತದೆ. ಹಗ್ಗವನ್ನು ನನಗೇ ಕೊಟ್ಟರು, ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ನೇತುಹಾಕಿದ್ದೇನೆ. ಕೀರ್ತನಳನ್ನು ಎಬ್ಬಿಸಿ ನಿಲ್ಲಿಸಿ, ನಾನು ಅವತ್ತು ಹೇಳಿದ್ದು ತಪ್ಪು, ಅವೆರಡೂ ಒಂದೇ ಅಲ್ಲ ಎಂದು ಕ್ಲಾಸಿನ ಎದುರಿಗೇ ಒಪ್ಪಿಕೊಂಡೆ.

ಈಗ ಮಟಮಟ ಮಧ್ಯಾಹ್ನ ಯಾರು ಕರೆದರೂ ನಾನು ಮೊದಲನೇ ಕೂಗಿಗೇ ಎದ್ದು ಹಗ್ಗ ತೆಗೆದುಕೊಂಡು ಹೋಗುತ್ತೇನೆ. ಅಮ್ಮ ಬೈಯುತ್ತಾಳೆ. ಇಲ್ಲಿಯವರೆಗೆ ಹೀಗೆ ಐದು ಸಲ ಹೋಗಿದ್ದೇನೆ. ಎರಡು ಸಲ ಅಲ್ಲಿ ಯಾರೂ ಇರಲಿಲ್ಲ.