ಆಂಟಿ ರೊಟ್ಟಿ ಮುಟ್ಟದ ಭಾನುವಾರಗಳು

ಮೊನ್ನೆ ನನ್ನ ಗಂಡ ನಾಗಸಂದ್ರ ಮೆಟ್ರೋ ಸ್ಟೇಷನ್ ಹತ್ತಿರದ ತಳ್ಳುಗಾಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ಚೀಲದ ತುಂಬ ಕಪ್ಪು ದ್ರಾಕ್ಷಿ ಹೊತ್ತು ತಂದರು. ಬೀಜದ ದ್ರಾಕ್ಷಿ, ಹುಳಿ ಬೇರೆ. ಮಕ್ಕಳು ಒಂದೊಂದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ ಎದ್ದು ಹೋದರು. ಬಿಸಾಡಲು ಮನಸ್ಸು ಬಾರದೆ, ಜ್ಯೂಸಾದರೂ ಆಗಲಿ ಎಂದು ತೊಳೆದು ನೀರು ಹಾಕಿ ಒಲೆಯ ಮೇಲಿಟ್ಟೆ. ಸಿಪ್ಪೆ ಒಡೆದು ಬಣ್ಣ ಬಿಡುತ್ತಿದ್ದ ಹಾಗೆ ಅಡುಗೆಮನೆಯ ತುಂಬ ಆ ವಾಸನೆ ಎದ್ದಿತು... ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ನಾನು ಪಿಯುಸಿ ಓದುತ್ತಿದ್ದಾಗ ಟಿ. ದಾಸರಹಳ್ಳಿಯ ನಮ್ಮ ವಠಾರದಲ್ಲಿ ತಿಂಗಳಿಗೊಂದು ಶನಿವಾರ ಸಂಜೆ ಇದೇ ವಾಸನೆ ತುಂಬಿಕೊಳ್ಳುತ್ತಿತ್ತು. ಅದು ಬರುತ್ತಿದ್ದದ್ದು ಪಕ್ಕದ ಮನೆ ಆಂಟಿಯ ಸೀಮೆಎಣ್ಣೆ ಸ್ಟೌವಿನಿಂದ.

ಆಂಟಿ ಬೀದರ್ ಕಡೆಯವರು. ಮಕ್ಕಳಾಗಿರಲಿಲ್ಲ, ಗಂಡ ಹೆಂಡತಿ ಇಬ್ಬರೇ. ಭಕ್ತಿವಂತೆ ಎಂದ ಕೂಡಲೇ ಮೆತ್ತಗೆ ಮಾತಾಡುವ, ಸದಾ ಕಣ್ಣು ಮುಚ್ಚಿಕೊಂಡಿರುವ ಹೆಂಗಸನ್ನು ಕಲ್ಪಿಸಿಕೊಳ್ಳಬೇಡಿ. ವಠಾರಕ್ಕೆಲ್ಲ ಒಂದೇ ನಲ್ಲಿ, ಅಲ್ಲಿ ಎಲ್ಲರಿಗಿಂತ ಜೋರು ದನಿ ಅವರದೇ. ಸರತಿ ತಪ್ಪಿಸಿ ಇಟ್ಟವರ ಕೊಡವನ್ನು ಎತ್ತಿ ಪಕ್ಕಕ್ಕಿಟ್ಟು, ಅವರ ಮುಖ ನೋಡಿಯೇ “ಸ್ತೋತ್ರ” ಎಂದು ದೇವರಿಗೆ ವಂದನೆ ಹೇಳಿ ನಗುತ್ತಿದ್ದರು. ಬೈದರೆ ಬೈಸಿಕೊಂಡವರಿಗೂ ನಗು ಬರಬೇಕು, ಹಾಗೆ ಬೈಯುವವರು.

ನಾವೂ ಅವರೂ ಒಂದೇ ಸಭೆಗೆ ಹೋಗುತ್ತಿದ್ದೆವು. ಸಭೆ ಎಂದರೆ ಗೋಪುರ, ಗಂಟೆ ಇರುವ ದೊಡ್ಡ ಚರ್ಚ್ ಅಲ್ಲ, ನಾಗಸಂದ್ರದ ಒಂದು ವೆಲ್ಡಿಂಗ್ ಅಂಗಡಿಯ ಮೇಲಿನ ಶೀಟಿನ ಹಾಲ್. ಚಾಪೆಯ ಮೇಲೆ ಒಂದು ಕಡೆ ಗಂಡಸರು, ಇನ್ನೊಂದು ಕಡೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು, ನಡುವೆ ಪಾಸ್ಟರ್ ಓಡಾಡುವಷ್ಟು ಜಾಗ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಯೇಸುವಿನ ಕೊನೆಯ ಊಟದ ನೆನಪಿಗೆ ತಟ್ಟೆಯಲ್ಲಿ ರೊಟ್ಟಿಯ ಚೂರುಗಳೂ ಪುಟ್ಟ ಲೋಟಗಳಲ್ಲಿ ದ್ರಾಕ್ಷಾರಸವೂ ಕೈಯಿಂದ ಕೈಗೆ ಸಾಗುತ್ತವೆ. ಕುಡಿತ ಬಿಟ್ಟು ಬಂದ ಗಂಡಸರು ಬಹಳ ಇದ್ದದ್ದರಿಂದ ನಮ್ಮಲ್ಲಿ ಹುಳಿ ಬಂದು ಅಮಲೇರಿಸುವ ರಸ ಬಳಸುತ್ತಿರಲಿಲ್ಲ. ಹಿಂದಿನ ಸಂಜೆ ದ್ರಾಕ್ಷಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ತರುವುದು ಆಂಟಿಯ ಪಾಲಿನ ಕೆಲಸ. ಅದನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ತಟ್ಟೆ ಹೊರಡುವ ಮುಂಚೆ ಪಾಸ್ಟರ್ ಒಂದು ಮಾತು ತಪ್ಪದೆ ಹೇಳುತ್ತಿದ್ದರು. ಯಾರ ಮೇಲಾದರೂ ದ್ವೇಷ ಇಟ್ಟುಕೊಂಡವರು ಇದನ್ನು ಮುಟ್ಟಬೇಡಿ, ಮೊದಲು ಹೋಗಿ ರಾಜಿಯಾಗಿ ಬನ್ನಿ ಎಂದು. ನಾವು ತಪ್ಪದೆ ಕೇಳಿಸಿಕೊಳ್ಳುತ್ತಿದ್ದೆವು. ಆಮೇಲೆ ತಟ್ಟೆ ಬಂದಾಗ ಎಲ್ಲರೂ ತೆಗೆದುಕೊಳ್ಳುತ್ತಿದ್ದೆವು.

ಅಂಕಲ್ ಒಂದು ಕಾಲದಲ್ಲಿ ಮಹಾ ಕುಡುಕರಂತೆ. ಸಂಬಳದ ದಿನ ಮೋರಿಯಲ್ಲಿ ಬಿದ್ದವರನ್ನು ಹುಡುಕಿ ಎಬ್ಬಿಸಿಕೊಂಡು ಬರುತ್ತಿದ್ದ ಕಥೆಯನ್ನು ಆಂಟಿ ಸಭೆಯಲ್ಲಿ ಎದ್ದು ನಿಂತು, ದೇವರು ಅವರ ಕುಡಿತ ಬಿಡಿಸಿದ್ದಕ್ಕೆ ಸಾಕ್ಷಿಯಾಗಿ ಹೇಳುತ್ತಿದ್ದರು. ಹೇಳುತ್ತ ನಗುತ್ತಿದ್ದರು, ಕೊನೆಗೆ ಅಳುತ್ತಿದ್ದರು. ಅಂಕಲ್ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತ ಕೂತಿರುತ್ತಿದ್ದರು. ನಾವು ಕಂಡಾಗಿನಿಂದ ಅವರು ಚಹಾ ಬಿಟ್ಟು ಬೇರೇನೂ ಕುಡಿದವರಲ್ಲ. ಆಂಟಿಗೆ ಒಡವೆ, ಮನೆ, ಮಕ್ಕಳು ಯಾವುದೂ ಇರಲಿಲ್ಲ. ಹೇಳಿಕೊಳ್ಳಲು ಇದ್ದದ್ದು ಈ ಒಂದು ಸಾಕ್ಷಿ ಮಾತ್ರ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಂಕಲ್ ಪವರ್ ಪ್ರೆಸ್ ನಡೆಸುತ್ತಿದ್ದರು, ತಗಡು ಒತ್ತಿ ಕತ್ತರಿಸುವ ಯಂತ್ರ. ಕೈ ಅಡ್ಡ ಬಂದರೆ ತಾನೇ ನಿಲ್ಲುವ ಏರ್ಪಾಡು ಅದರಲ್ಲಿತ್ತು. ಕೆಲಸ ನಿಧಾನವಾಗುತ್ತದೆಂದು ಮಾಲೀಕ ಅದನ್ನು ಕಳಚಿಸಿದ್ದ. ಒಂದು ಮಧ್ಯಾಹ್ನ ಪ್ರೆಸ್ ಇಳಿದು ಬಲಗೈಯಲ್ಲಿ ಹೆಬ್ಬೆರಳೊಂದು ಬಿಟ್ಟು ಮಿಕ್ಕ ಬೆರಳೆಲ್ಲ ಹೋದವು. ವಿಚಾರಣೆಗೆ ಬಂದವರ ಮುಂದೆ ಮಾಲೀಕ, ಅವನು ಕುಡಿದು ಬಂದಿದ್ದ ಎಂದ. ಹೌದೋ ಅಲ್ಲವೋ ಎಂದು ಪಕ್ಕದ ಯಂತ್ರದವನನ್ನು ಕೇಳಿದರು. ಅವನು, ಹೌದು, ಬಾಯಿಂದ ವಾಸನೆ ಬರುತ್ತಿತ್ತು ಎಂದ.

ಆ ಪಕ್ಕದ ಯಂತ್ರದವನು ನಮ್ಮ ಸಭೆಯವನೇ. ಹಾಡುಗಳಿಗೆ ಡೋಲಕ್ ಬಾರಿಸುತ್ತಿದ್ದ, ನಾವೆಲ್ಲ ಡೋಲಕ್ ಅಣ್ಣ ಎಂದೇ ಕರೆಯುತ್ತಿದ್ದೆವು. ಹೊಸದಾಗಿ ಮದುವೆಯಾಗಿತ್ತು, ಕೆಲಸ ಹೋದರೆ ಗತಿಯಿಲ್ಲ. ಅದು ನನಗೆ ಈಗ ಅರ್ಥವಾಗುತ್ತದೆ. ಆಗ ಅವನ ಡೋಲಕ್ಕನ್ನೇ ಒದ್ದು ಒಡೆಯಬೇಕೆನಿಸಿತ್ತು. ಅಂಕಲ್‌ಗೆ ಬರಬೇಕಾದ ಪರಿಹಾರ ಹೋಯಿತು, ಕೆಲಸ ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಹೆಸರು ಹೋಯಿತು. ಹಿಂದೆ ಕುಡಿಯುತ್ತಿದ್ದವನಲ್ಲವೇ, ಮತ್ತೆ ಶುರು ಮಾಡಿರಬೇಕು ಎಂದು ಜನ ಸುಲಭವಾಗಿ ನಂಬಿದರು.

ಆಂಟಿ ಒಂದು ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದರು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾಡುವ ಕೆಲಸ. ಮನೆಗೆ ಬಂದು ಊದಿದ ಕಾಲನ್ನು ಬಕೆಟ್ಟಿನ ನೀರಿಗೆ ಇಳಿಬಿಟ್ಟು, ಎಡಗೈಯಲ್ಲಿ ಅಂಗಿಯ ಗುಂಡಿ ಹಾಕುವುದನ್ನು ಅಂಕಲ್‌ಗೆ ಕಲಿಸುತ್ತಿದ್ದರು. “ಹೆಬ್ಬೆಟ್ಟು ಯಾಕ ಉಳಿಸ್ಯಾನ ದೇವ್ರು? ತಟ್ಟಿ ಹಿಡ್ಕೊಂಡು ತೊಳೀಲಿಕ್ಕ. ಏಳ್ರಿ, ನೆಪ ಹೇಳಬ್ಯಾಡ್ರಿ,” ಎಂದು ಅವರನ್ನು ಹೊರಗೆ ಎಬ್ಬಿಸಿ ತರುತ್ತಿದ್ದರು. ಕೆಲವು ರಾತ್ರಿ ಅವರ ಮನೆಯಲ್ಲಿ ಬರೀ ಗಂಜಿ ಎಂದು ನಮಗೆ ಗೋಡೆಯಾಚೆಯಿಂದ ಗೊತ್ತಾಗುತ್ತಿತ್ತು. ಗಂಜಿಯಾದರೂ ಊಟದ ಮುಂಚಿನ ಪ್ರಾರ್ಥನೆ ಚಿಕ್ಕದಾಗುತ್ತಿರಲಿಲ್ಲ. ಮನೆಯ ಮಾಡಿಗೆ, ನಲ್ಲಿಯ ನೀರಿಗೆ, ಉಳಿದ ಹೆಬ್ಬೆರಳಿಗೆ, ಎಲ್ಲಕ್ಕೂ ಹೆಸರು ಹಿಡಿದು ಸ್ತೋತ್ರ. ಅಮ್ಮ ಸಾರು ಹಿಡಿದುಕೊಂಡು ಹೋಗಿ ಪ್ರಾರ್ಥನೆ ಮುಗಿಯುವವರೆಗೆ ಬಾಗಿಲಲ್ಲಿ ಕಾದು, “ಈ ದೇವರಿಗೆ ಹಸಿವೆ ಗೊತ್ತಾಗಲ್ವಾ, ಸಾಕು ಮಾಡ್ರೀ,” ಎಂದು ರೇಗುತ್ತಿದ್ದರು.

ಅಪಘಾತವಾದ ಮೇಲಿನ ಮೊದಲ ಭೋಜನದ ಭಾನುವಾರ ನಾನು ಆಂಟಿಯ ಪಕ್ಕದಲ್ಲೇ ಕೂತಿದ್ದೆ. ರಸ ಎಂದಿನಂತೆ ಅವರೇ ಮಾಡಿ ತಂದಿದ್ದರು. ತಟ್ಟೆ ಅವರ ಕೈಗೆ ಬಂತು. ಒಂದು ಗಳಿಗೆ ಅದನ್ನೇ ನೋಡಿದರು. ಏನೂ ತೆಗೆದುಕೊಳ್ಳದೆ ನನ್ನ ಕೈಗೆ ಕೊಟ್ಟರು. ಲೋಟಗಳ ತಟ್ಟೆಯನ್ನೂ ಹಾಗೇ ದಾಟಿಸಿದರು. ಆಚೆ ಡೋಲಕ್ ಅಣ್ಣ ಕಣ್ಣು ಮುಚ್ಚಿ ರೊಟ್ಟಿ ಬಾಯಿಗಿಟ್ಟುಕೊಂಡದ್ದು ನನಗೆ ಕಾಣುತ್ತಿತ್ತು. ಮುಂದಿನ ತಿಂಗಳೂ ಹೀಗೇ ಆಯಿತು. ಅದರ ಮುಂದಿನ ತಿಂಗಳೂ...

ನಮ್ಮ ಸಭೆಯಲ್ಲಿ ಯಾರಾದರೂ ಭೋಜನ ಮುಟ್ಟಲಿಲ್ಲವೆಂದರೆ ಅವರ ಮನೆಯಲ್ಲಿ ಏನೋ ಪಾಪ ನಡೆದಿದೆ ಎಂದೇ ಲೆಕ್ಕ. ಹೆಂಗಸರು ಮೆಟ್ಟಿಲಿಳಿಯುತ್ತ ಪಿಸುಗುಟ್ಟಿದರು. ಗಂಡ ಕುಡಿಯುತ್ತಿರುವುದು ನಿಜವೇ ಇರಬೇಕು, ಅದಕ್ಕೇ ಪಾಪ, ಆಕೆಗೆ ಮುಟ್ಟಲು ಧೈರ್ಯವಿಲ್ಲ ಎಂದರು. ಡೋಲಕ್ ಅಣ್ಣನ ಸುಳ್ಳಿಗೆ ಆಂಟಿಯ ಖಾಲಿ ಕೈಯೇ ಈಗ ಆಧಾರವಾಯಿತು. ಒಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಂಡಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಅಮ್ಮನಿಗೆ ತಡೆಯಲಾಗಲಿಲ್ಲ. ಒಂದು ಶನಿವಾರ ಇಬ್ಬರೂ ಕೂತು ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಾಗ ಕೇಳಿಯೇಬಿಟ್ಟರು. “ಜನ ಏನೇನೋ ಮಾತಾಡ್ತಿದಾರೆ ಕಣ್ರೀ. ಸುಮ್ನೆ ತಗೊಂಡ್ಬಿಡಿ. ದೇವರಿಗೆ ಗೊತ್ತಿಲ್ವಾ ನಿಮ್ಮ ಕಷ್ಟ?”

“ದೇವ್ರಿಗೆ ಗೊತ್ತದ ಅಂತನೇ ತಗೊಳ್ಳವಲ್ಲೆ ಅಕ್ಕಾ,” ಎಂದರು ಆಂಟಿ. “ಬೆರಳು ಹೋದದ್ದಕ್ಕ ನಂಗ ಸಿಟ್ಟಿಲ್ಲ. ರೊಕ್ಕ ಹೋದದ್ದಕ್ಕೂ ಇಲ್ಲ. ನಮ್ಮ ಮನಿಯವರನ್ನ ಮೋರಿಯಿಂದ ಎತ್ತಿದವ ದೇವ್ರು. ಆ ಹುಡುಗ ಅದನ್ನೇ ಸುಳ್ಳು ಅಂದ. ಬಾಯಿಂದ ಕ್ಷಮಿಸೀನಿ ಅಂತೀನಿ, ಹೊಟ್ಟ್ಯಾಗ ಇಳಿಯವಲ್ದು. ಉರಿ ಹೊಟ್ಟ್ಯಾಗ ಇಟ್ಕೊಂಡು ಆ ತಟ್ಟಿ ಹೆಂಗ ಮುಟ್ಲಿ?”

ಅಮ್ಮ ಇನ್ನೊಂದು ಗೊಂಚಲು ಎತ್ತಿಕೊಂಡರು. ಒಳಗೆ ಅಂಕಲ್ ಮಲಗಿದ್ದರು, ಕೇಳಿಸಿಕೊಂಡಿರಬೇಕು. ವಿಚಿತ್ರವೆಂದರೆ ಅಂಕಲ್ ಯಾವತ್ತೋ ಕ್ಷಮಿಸಿಯಾಗಿತ್ತು. ಸಭೆ ಮುಗಿದ ಮೇಲೆ ಡೋಲಕ್ ಅಣ್ಣ ತಪ್ಪಿಸಿಕೊಂಡು ಹೋಗುವಾಗ ತಾವೇ ಕರೆದು ಎಡಗೈ ಚಾಚುತ್ತಿದ್ದರು. ಮನೆಗೆ ಬಂದ ಮೇಲೆ ಅದಕ್ಕೂ ಆಂಟಿಯಿಂದ ಬೈಸಿಕೊಳ್ಳುತ್ತಿದ್ದರು. ಬೆರಳು ಕಳೆದುಕೊಂಡವರಿಗೆ ಕ್ಷಮಿಸಲು ಆದದ್ದು ತನಗೆ ಆಗುತ್ತಿಲ್ಲವಲ್ಲ ಎಂಬುದು ಆಂಟಿಗೆ ಇನ್ನೊಂದು ಸಂಕಟ. ಪ್ರಾರ್ಥನೆಯಲ್ಲಿ ಮೊದಲೆಲ್ಲ ಸ್ತೋತ್ರವೇ ಕೇಳುತ್ತಿದ್ದ ಗೋಡೆಯಾಚೆಯಿಂದ ಈಗೀಗ, “ನನ್ನ ಕೈಲೆ ಆಗಂಗಿಲ್ಲ ತಂದೆ, ನೀನೇ ಮಾಡು,” ಎಂಬ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತಿತ್ತು.

ಹಾಗೇ ಮತ್ತೆ ಒಂದು ಶನಿವಾರ ಬಂತು. ದ್ರಾಕ್ಷಿ ಒಲೆಯ ಮೇಲಿತ್ತು. ಡೋಲಕ್ ಅಣ್ಣನಿಗೆ ಹೆಣ್ಣು ಮಗುವಾಯಿತೆಂದು ಯಾರೋ ಬಂದು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಆಂಟಿ ನಮ್ಮ ಬಾಗಿಲಿಗೆ ಬಂದು ನಿಂತರು. “ಅಕ್ಕಾ, ಆ ಕೂಸಿನ ಸುದ್ದಿ ಕೇಳಿದ ಕೂಡ್ಲೆ ನನ್ನ ಬಾಯಾಗ ಶಾಪ ಬಂತು. ನಿನ್ನೆ ಹುಟ್ಟಿದ ಕೂಸಿಗೆ! ನನ್ನ ಕಂಡು ನಂಗೇ ಅಂಜಿಕಿ ಆಗ್ಲಿಕ್ಕತ್ತದ,” ಎಂದರು. ಅಮ್ಮ ಅವರ ಕೈ ಹಿಡಿದು ಒಳಗೆ ಕೂರಿಸಿಕೊಂಡರು. ಮಗುವಿಗಾಗಿ ಹಂಬಲಿಸಿ ಬೇಸತ್ತಿದ್ದ ಹೆಂಗಸು ಅವರು. ಅಂದು ರಸ ಸೋಸಿದ್ದು ಅಮ್ಮ ಮತ್ತು ನಾನು.

ಮರುದಿನ ಪಾಸ್ಟರ್ ಎಂದಿನ ಮಾತು ಹೇಳಿ ಮುಗಿಸಿದರು. ತಟ್ಟೆ ನಮ್ಮ ಸಾಲಿಗೆ ಬರುವ ಮುಂಚೆಯೇ ಆಂಟಿ ಎದ್ದರು. ಹೊರಗೆ ಹೋಗುತ್ತಾರೇನೋ ಎಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು ನಡುವಿನ ಜಾಗ ದಾಟಿ ಗಂಡಸರ ಕಡೆಗೆ ನಡೆದರು. ನಮ್ಮಲ್ಲಿ ಹೆಂಗಸರು ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಡೋಲಕ್ ಮುಂದಿಟ್ಟುಕೊಂಡು ಕೂತಿದ್ದವನ ಎದುರು ಮಂಡಿಯೂರಿದರು. ಕೆಳಗೆ ವೆಲ್ಡಿಂಗ್ ಅಂಗಡಿಗೆ ಭಾನುವಾರದ ರಜೆ, ಆದ್ದರಿಂದ ಅವರ ಮಾತು ಇಡೀ ಹಾಲಿಗೆ ಕೇಳಿಸಿತು.

“ತಮ್ಮಾ, ನಿನ್ನ ಮ್ಯಾಲ ಇಷ್ಟ್ ತಿಂಗಳು ದ್ವೇಷ ಇಟ್ಕೊಂಡೀನಿ. ನಿನ್ನ ಮನಿ ಹಾಳಾಗ್ಲಿ ಅಂತ ಸುದ್ದಾ ಅಂದ್ಕೊಂಡೀನಿ. ನಂದು ತಪ್ಪಾಯ್ತು. ಮಾಫ್ ಮಾಡು.”

ಅಷ್ಟೇ. ಅವನ ಸುಳ್ಳಿನ ಬಗ್ಗೆ ಒಂದಕ್ಷರ ಆಡಲಿಲ್ಲ. ನೀನೂ ನಿಜ ಹೇಳು ಎನ್ನಲಿಲ್ಲ. ಏಳಲು ಹೋದರು, ಮಂಡಿ ನೋವಿಗೆ ಏಳಲಾಗದೆ ನೆಲಕ್ಕೆ ಕೈ ಊರಿದರು. ಡೋಲಕ್ ಅಣ್ಣ ಅವರ ರಟ್ಟೆ ಹಿಡಿದು ಎಬ್ಬಿಸಲು ಬಂದವನು ತಾನೇ ಕುಸಿದು ಕೂತ. “ಅಣ್ಣ ಅವತ್ತು ಕುಡಿದಿರ್ಲಿಲ್ಲ,” ಎಂದ. ಮೊದಲ ಸಲ ಸರಿಯಾಗಿ ಕೇಳಿಸಲಿಲ್ಲ. ಅವನು ಎದ್ದು ನಿಂತು ಹೆಂಗಸರ ಕಡೆಗೂ ತಿರುಗಿ ಇನ್ನೊಮ್ಮೆ ಹೇಳಿದ. “ಅಣ್ಣ ಕುಡಿದಿರ್ಲಿಲ್ಲ. ಕೆಲಸ ಹೋಗುತ್ತೆ ಅಂತ ನಾನೇ ಸುಳ್ ಹೇಳ್ದೆ.” ಮೆಟ್ಟಿಲ ಮೇಲೆ ಪಿಸುಗುಟ್ಟಿದ್ದ ಹೆಂಗಸರೆಲ್ಲ ಸೆರಗನ್ನು ಮುಖದ ಮೇಲೆಳೆದುಕೊಂಡರು. ಅಂಕಲ್ ಎಂದಿನಂತೆ ತಲೆ ತಗ್ಗಿಸಿ ಕೂತಿದ್ದರು, ಅವರ ಭುಜ ಅಲುಗುತ್ತಿತ್ತು. ಅಂದು ತಟ್ಟೆ ಬಂದಾಗ ಆಂಟಿ ತೆಗೆದುಕೊಂಡರು. ಡೋಲಕ್ ಅಣ್ಣ ತೆಗೆದುಕೊಳ್ಳಲಿಲ್ಲ. ಮೊದಲು ಕಾರ್ಖಾನೆಗೆ ಹೋಗಿ ಬರುತ್ತೇನೆ ಎಂದ.

ಹೋದ, ಹೇಳಿದ. ಅಲ್ಲಿ ಏನೂ ಬದಲಾಗಲಿಲ್ಲ, ಅವನ ಕೆಲಸ ಹೋಯಿತು ಅಷ್ಟೇ. ಅಂಕಲ್‌ಗೆ ಕೊನೆಯವರೆಗೂ ಪರಿಹಾರ ಸಿಗಲಿಲ್ಲ. ಆಂಟಿ ತಮ್ಮ ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಹಿಂದೆ ಬಿದ್ದು, ಬೇಡಿ, ಬೈದು, ಡೋಲಕ್ ಅಣ್ಣನಿಗೆ ಪ್ಯಾಕಿಂಗಿನಲ್ಲಿ ಕೆಲಸ ಕೊಡಿಸಿದರು. ಹೊಟ್ಟೆಯ ಉರಿ ಅಂದೇ ಆರಿತೇ ಎಂದು ಅಮ್ಮ ಒಮ್ಮೆ ಕೇಳಿದ್ದರು. “ಎಲ್ಲಿ ಅಕ್ಕಾ, ನಡುನಡುವೆ ಏಳ್ತದ. ಎದ್ದಾಗೆಲ್ಲ ಅವನ ಕೂಸಿನ್ನ ಎತ್ಕೊಂಡು ಬರ್ತೀನಿ,” ಎಂದು ನಕ್ಕರು. ನಿಜಕ್ಕೂ ಆ ಮಗು ನಡೆಯಲು ಕಲಿತದ್ದು ನಮ್ಮ ವಠಾರದಲ್ಲೇ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ ಆಂಟಿ ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡರು. ಕಾಯಿಲೆಯ ಬಗ್ಗೆ ದೇವರನ್ನು ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ. ನರ್ಸುಗಳನ್ನು ಮಾತ್ರ ಬೈದರು, ನಗಿಸಿದರು. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮುಂದಿದ್ದವನು ಡೋಲಕ್ ಅಣ್ಣ. ಅಂಕಲ್ ಆಮೇಲೆ ತಮ್ಮನ ಮನೆಗೆಂದು ಬೀದರಿಗೆ ಹೊರಟುಹೋದರು. ಕೆಲವು ವರ್ಷ ಫೋನಿನಲ್ಲಿ ಸಿಗುತ್ತಿದ್ದರು... ಈಗ ಆ ನಂಬರು ಹೋಗುವುದಿಲ್ಲ.

ನಮ್ಮ ಸಭೆ ಈಗ ಸ್ವಂತ ಕಟ್ಟಡದಲ್ಲಿದೆ. ಚಾಪೆ ಹೋಗಿ ಕುರ್ಚಿ ಬಂದಿವೆ, ಗಂಡಸರು ಹೆಂಗಸರು ಜೊತೆಯಲ್ಲೇ ಕೂರುತ್ತೇವೆ. ಪಾಸ್ಟರ್ ಹೊಸಬರು, ಆದರೂ ಭೋಜನದ ಮುಂಚೆ ಅದೇ ಮಾತು ಹೇಳುತ್ತಾರೆ. ಆಂಟಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು, ಬೇಕು ಅನಿಸುವುದು ಆ ಹೊತ್ತಿನಲ್ಲಿ. ತಟ್ಟೆ ಮೊದಲ ಸಾಲಿನಿಂದ ಹೊರಟು ಕೈಯಿಂದ ಕೈಗೆ ಸಾಗಿ ಕೊನೆಯ ಸಾಲು ಮುಟ್ಟುತ್ತದೆ. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಅದನ್ನು ಮುಟ್ಟದೆ ದಾಟಿಸಿದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ ಎಂದಲ್ಲ. ನಮ್ಮಲ್ಲಿ ಆಂಟಿ ಇಲ್ಲ.