ಅಣ್ಣನ ಬೆನ್ನು ಕಾದ ಡ್ರೆಸ್ಸರ್

ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಉಗುರಿನ ಸುತ್ತ ಅಯೋಡಿನ್ನಿನ ಕಂದು ಬಣ್ಣ ಎಷ್ಟು ತೊಳೆದರೂ ಹೋಗದಂತೆ ಕೂತಿತ್ತು. ಆ ಬೆರಳಿನಿಂದ ಅವರು ಸಿಕ್ಕಸಿಕ್ಕವರ ಮೈ ಒತ್ತುತ್ತಿದ್ದರು. ಟೀ ಅಂಗಡಿಯಲ್ಲಿ ಪಕ್ಕಕ್ಕೆ ಕೂತವನ ಮೊಣಕೈ, ಬಸ್ ಕಾಯುವ ಮುದುಕಿಯ ಪಾದ, ಯಾವುದಾದರೂ ಸರಿ. ಒತ್ತುವುದು, ಬಿಡುವುದು, ಕಣ್ಣು ಕಿರಿದು ಮಾಡಿ ಆ ಜಾಗವನ್ನೇ ನೋಡುವುದು. ಹೊಸಬರು ಬೆಚ್ಚಿ ಕೈ ಎಳೆದುಕೊಂಡರೆ ಬೈಗುಳ ಬೀಳುತ್ತಿತ್ತು.

ಹೋಬಳಿಯವರೆಲ್ಲ ಅವರನ್ನು ಡ್ರೆಸ್ಸರ್ ಎಂದೇ ಕರೆಯುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ತೊಳೆದು ಬ್ಯಾಂಡೇಜು ಕಟ್ಟುವ ಕೆಲಸ ಮಾಡಿ ನಿವೃತ್ತರಾದವರು. ಪ್ರಾಯದಲ್ಲಿ ಕುಸ್ತಿ ಆಡಿದ್ದರಂತೆ, ಎಡಗಿವಿ ಮುದುಡಿ ಗಂಟು ಕಟ್ಟಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೊಳೆತ ಗಾಯಕ್ಕೆ ಸಗಣಿ ಮೆತ್ತಿಕೊಂಡು ಬಂದವನೊಬ್ಬನನ್ನು ಆಸ್ಪತ್ರೆಯ ನಲ್ಲಿಯ ಕೆಳಗೆ ಕೂರಿಸಿ ಬಕೆಟ್ಟಿನಿಂದ ಬಾರಿಸಿದ್ದರು ಎಂಬ ಕಥೆ ಊರೂರಲ್ಲಿ ಓಡಾಡುತ್ತಿತ್ತು. ನಿಜವೇ ಎಂದು ಒಮ್ಮೆ ಕೇಳಿದೆ. ಬಕೆಟ್ಟಲ್ಲ, ಚೊಂಬು ಎಂದರು.

ಅವರು ನಮ್ಮ ಮನೆಗೆ ಬರುವ ಹಾಗಾದದ್ದು ಒಂದು ಹಾರೆಯ ದೆಸೆಯಿಂದ. ನಮ್ಮದು ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿ. ರಾಗಿ, ರೇಷ್ಮೆ, ಒಂದಿಷ್ಟು ದ್ರಾಕ್ಷಿ. ಜಮೀನು ಕಾರ್ಖಾನೆಗಳಿಗೆ ಹೋಗುತ್ತದೆ ಎಂಬ ಸುದ್ದಿ ಎದ್ದಾಗಿನಿಂದ ಎಲ್ಲರ ಕಣ್ಣೂ ಬದುವಿನ ಮೇಲೆ. ಹಗಲು ಒಟ್ಟಿಗೆ ಧರಣಿ ಕೂತು ಘೋಷಣೆ ಕೂಗಿದವರೇ ಊರಿಗೆ ಬಂದು ಒಬ್ಬರ ಗಡಿಕಲ್ಲನ್ನು ಇನ್ನೊಬ್ಬರು ಸರಿಸುತ್ತಿದ್ದರು. ನಮ್ಮ ಚಿಕ್ಕಪ್ಪನ ಮಗ ಒಂದು ಬೆಳಗ್ಗೆ ನಮ್ಮ ಹಿಪ್ಪುನೇರಳೆ ತೋಟದ ಎರಡು ಸಾಲು ಕಿತ್ತು ಅಲ್ಲಿ ಕಲ್ಲು ನೆಟ್ಟ. ಅಣ್ಣ ಕೇಳಲು ಹೋದ. ಮಾತಿಗೆ ಮಾತು ಬೆಳೆಯಿತು. ಅಣ್ಣ ಬಗ್ಗಿ ಆ ಕಲ್ಲನ್ನು ಕೀಳುತ್ತಿದ್ದಾಗ ಅವನು ಹಾರೆ ಎತ್ತಿ ಸೊಂಟದ ಮೇಲೆ ಬೀಸಿದ. ಒಂದಲ್ಲ, ಮೂರು ಸಲ. ನಾನು ಸೊಪ್ಪಿನ ಹೊರೆ ಬಿಸಾಕಿ ಓಡಿಹೋಗುವಷ್ಟರಲ್ಲಿ ಅಣ್ಣ ಬಾಯಲ್ಲಿ ಮಣ್ಣು ತುಂಬಿಕೊಂಡು ಬೋರಲು ಬಿದ್ದಿದ್ದ.

"ಕಾಲು ಎಲ್ಲೋ ಹೋಯ್ತು ಕಣೋ, ನೋಡು" ಎಂದ. ಕಾಲು ಎರಡೂ ಅಲ್ಲೇ ಇದ್ದವು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಇಟ್ಟುಕೊಂಡು, ಮುರಿದ ಬೆನ್ನುಮೂಳೆಗೆ ರಾಡು ಕೂರಿಸಿ, ಸೊಂಟದಿಂದ ಕೆಳಕ್ಕೆ ಇನ್ನು ಸ್ಪರ್ಶ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಆಗಾಗ ಮಗ್ಗುಲು ಬದಲಿಸಬೇಕು, ಬೆನ್ನು ಒದ್ದೆಯಾಗಬಾರದು ಎಂದೂ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ತಲೆಯೊಳಗೆ ಚಿಕ್ಕಪ್ಪನ ಮಗನೊಬ್ಬನೇ ತುಂಬಿಕೊಂಡಿದ್ದ. ಜೈಲಿನಿಂದ ಯಾವತ್ತು ಹೊರಗೆ ಬರುತ್ತಾನೆ, ಎಲ್ಲಿ ಸಿಗುತ್ತಾನೆ, ಯಾವುದರಿಂದ ಹೊಡೆಯಬೇಕು, ಇಷ್ಟೇ ಯೋಚನೆ. ಮಿಕ್ಕ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ಹಾಸಿಗೆ ಎಂದರೆ ನಮಗೆ ಗೊತ್ತಿದ್ದುದು ರೇಷ್ಮೆಹುಳದ ಹಾಸಿಗೆ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚಲು ಸೊಪ್ಪು ಬಿಟ್ಟು ಸುಮ್ಮನಾದಾಗ, ತೇವ ನಿಲ್ಲಬಾರದೆಂದು ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತೇವೆ. ಅಣ್ಣನ ಹಾಸಿಗೆ ಮೂತ್ರಕ್ಕೂ ಬೆವರಿಗೂ ದಿನವಿಡೀ ಒದ್ದೆ. ನಾನೇ ಅದೇ ಸುಣ್ಣವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಹುಳಕ್ಕೆ ಉದುರಿಸಿದಂತೆಯೇ ಅವನ ಬೆನ್ನ ಕೆಳಗೆ ಉದುರಿಸಿದೆ. ಮೂರು ದಿನ ಹಾಸಿಗೆ ಗರಿಗರಿಯಾಗಿತ್ತು. ನನ್ನ ಬುದ್ಧಿಗೆ ನಾನೇ ಬೀಗಿದೆ. ಸುಡುತ್ತಿದ್ದರೂ ಅಣ್ಣನಿಗೆ ತಿಳಿಯುವಂತಿರಲಿಲ್ಲ. ನಾಲ್ಕನೇ ದಿನ ಬಟ್ಟೆ ಎಳೆದಾಗ ಅದರ ಜೊತೆಗೆ ಚರ್ಮವೂ ಕಿತ್ತು ಬಂತು.

ಅಮ್ಮ ಅಳುತ್ತ ಹೋಗಿ ಡ್ರೆಸ್ಸರನ್ನು ಕರೆತಂದಳು. ಅವರು ಮೊಪೆಡ್ಡು ನಿಲ್ಲಿಸಿ, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, ಅಣ್ಣನನ್ನು ಮಗ್ಗುಲಿಗೆ ಹೊರಳಿಸಿ ನೋಡಿದರು. ಹಾಸಿಗೆಯ ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ ಮೂಸಿದರು. ಯಾರು ಹಾಕಿದ್ದು ಎಂದು ಕೇಳಿದರು. ನಾನು ಎಂದೆ. ಆ ಮಾತು ಮುಗಿಯುವ ಮೊದಲೇ ಕಪಾಳಕ್ಕೆ ಬಿತ್ತು. ಕುಸ್ತಿ ಮಾಡಿದ ಕೈ. ನಾನು ಹೋಗಿ ಸೊಪ್ಪಿನ ಬುಟ್ಟಿಯ ಮೇಲೆ ಬಿದ್ದೆ, ಆ ಕಿವಿ ಎರಡು ದಿನ ಗುಂಯ್ ಎನ್ನುತ್ತಿತ್ತು.

ಆಮೇಲೆ ಒಂದು ಗಂಟೆ ಹೊತ್ತು ಅವರೇ ಚೊಂಬಿನಲ್ಲಿ ನೀರು ಸುರಿದು ಸುರಿದು ಬೆನ್ನು ತೊಳೆದರು. ನೀರು ತಂದುಕೊಡುತ್ತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪುಣ್ಯಕ್ಕೆ ಸುಟ್ಟದ್ದು ಮೇಲುಚರ್ಮ ಮಾತ್ರ. ಮೂರು ವಾರಕ್ಕೆ ಮಾಯಿತು. ಆ ಮೂರು ವಾರ ನನ್ನ ಪಾಠ ನಡೆಯಿತು. ಬೈಗುಳವಿಲ್ಲದ ಒಂದು ವಾಕ್ಯವೂ ಅದರಲ್ಲಿ ಇರಲಿಲ್ಲ.

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗಂಟೆ ಬರೆದು, ಪಕ್ಕದಲ್ಲಿ ಎಡ, ಬೆನ್ನು, ಬಲ ಎಂದು ಬರೆದರು. ಎರಡು ಗಂಟೆಗೊಮ್ಮೆ ಬದಲಾಗಲೇಬೇಕು. ಮಗ್ಗುಲು ಎಂದರೆ ಪೂರ್ತಿ ಮಗ್ಗುಲಲ್ಲ. ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ವಾಲಿಸಬೇಕು, ಸೊಂಟದ ಪಕ್ಕದ ಮೂಳೆಯ ಮೇಲೆ ಭಾರ ಬೀಳಬಾರದು. ಮಂಡಿಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಒಂದು ದಿಂಬು, ಹಿಮ್ಮಡಿ ಗಾಳಿಯಲ್ಲಿರಬೇಕು. ಎಳೆದಾಡಿದರೆ ಚರ್ಮ ಒಳಗೊಳಗೇ ಹರಿಯುತ್ತದೆ, ಆದ್ದರಿಂದ ಕೆಳಗಿನ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಿ ಸರಿಸಬೇಕು. ದಿನಕ್ಕೆ ಎರಡು ಮೊಟ್ಟೆ, ಬೇಳೆ, ಕಾಳು. ಬೆನ್ನಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ ಅಮ್ಮನಿಗೂ ಬೈಗುಳ ತಪ್ಪಲಿಲ್ಲ. ಪಕ್ಕದ ಮನೆಯವರು ಪ್ರೀತಿಯಿಂದ ಸ್ಕೂಟರ್ ಟ್ಯೂಬಿಗೆ ಗಾಳಿ ತುಂಬಿಸಿ, ಸೊಂಟದ ಕೆಳಗಿಡಿ ಎಂದು ತಂದುಕೊಟ್ಟಿದ್ದರು. ಅದರ ಅಂಚು ಸುತ್ತಲೂ ಒತ್ತಿ ರಕ್ತ ಓಡಾಡುವುದನ್ನೇ ತಡೆಯುತ್ತದೆ ಎಂದು ಹೇಳಿ, ಕೊಟ್ಟವರ ಕಣ್ಣೆದುರೇ ಕತ್ತರಿ ಹಾಕಿ ಸೀಳಿದರು.

ಮೂಳೆ ಉಬ್ಬಿದ ಒಂದೊಂದು ಜಾಗವನ್ನೂ ನನ್ನ ಬೆರಳು ಹಿಡಿದು ಒತ್ತಿಸಿದರು. ಬಾಲದ ಮೂಳೆ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಕಾಲ ಗಂಟು, ರೆಕ್ಕೆಮೂಳೆ, ತಲೆಯ ಹಿಂಭಾಗ.

"ಒತ್ತಿದಾಗ ಬಿಳಿಚಿ, ಬಿಟ್ಟಾಗ ಬಣ್ಣ ವಾಪಸ್ ಬಂದ್ರೆ ಬದುಕಿದೆ ಅಂತ. ಬರ್ಲಿಲ್ಲ ಅಂದ್ರೆ ಒಳಗೆ ಸಾಯ್ತಾ ಇದೆ. ನಮ್ಮಂಥ ಕಪ್ಪು ಮೈಲಿ ಕೆಂಪು ಕಾಣಲ್ಲ ಕಣೋ. ಪಕ್ಕದ ಚರ್ಮಕ್ಕಿಂತ ಕಪ್ಪಾಗಿದ್ಯಾ, ಬಿಸಿ ಇದ್ಯಾ, ಗಟ್ಟಿ ಇದ್ಯಾ, ಅದನ್ನ ನೋಡು. ಅವನಿಗೆ ನೋಯಲ್ಲ. ನೋವು ನಿಂಗೆ ಕಾಣ್ಬೇಕು."

ಕಲಿತೆ. ಗೋಡೆಯ ಗಂಟೆಗಳನ್ನು ಅಳಿಸಿ ಬರೆದು ಮಾಡುತ್ತಿದ್ದೆ. ಅಣ್ಣನ ಬೆನ್ನು ನುಣುಪಾಯಿತು. ಡ್ರೆಸ್ಸರ್ ವಾರಕ್ಕೊಮ್ಮೆ ಬಂದು, ಒತ್ತಿ ನೋಡಿ, ಏನೂ ಹೇಳದೆ ಕಾಫಿ ಕುಡಿದು ಹೋಗುತ್ತಿದ್ದರು. ಅವರು ಏನೂ ಹೇಳದಿದ್ದರೆ ಅದೇ ಶಹಬ್ಬಾಸ್‌ಗಿರಿ.

ಆಗ ಚಿಕ್ಕಪ್ಪನ ಮಗನಿಗೆ ಜಾಮೀನು ಸಿಕ್ಕಿತು. ಬೆಳಗ್ಗೆ ಎಂಟಕ್ಕೆ ಊರಬಾಗಿಲಲ್ಲಿ ಪಟಾಕಿ ಸಿಡಿಯಿತು, ತಮಟೆಯೂ ಕೇಳಿಸಿತು. ನಾನು ಅಣ್ಣನನ್ನು ಬಲಕ್ಕೆ ಹೊರಳಿಸುತ್ತಿದ್ದೆ. ದಿಂಬು ಕೊಡಲಿಲ್ಲ. ಪೂರ್ತಿ ಮಗ್ಗುಲಾಗಿ ಮಲಗಿದ್ದವನನ್ನು ಹಾಗೇ ಬಿಟ್ಟು, ಸೊಪ್ಪು ಕಡಿಯುವ ಮಚ್ಚು ತೆಗೆದುಕೊಂಡು ಓಡಿದೆ. ಹೋಗಬೇಡವೋ ಎಂದು ಅಣ್ಣ ಕೂಗಿದ್ದು ಕೇಳಿಸಿತು. ಕೊರಳಲ್ಲಿ ಹಾರ ಹಾಕಿಕೊಂಡು ನಗುತ್ತ ನಿಂತಿದ್ದವನ ಕುತ್ತಿಗೆಗೇ ಬೀಸಿದೆ. ಅವನು ಕೈ ಅಡ್ಡ ತಂದ. ಮಚ್ಚು ಮುಂಗೈಗೆ ಇಳಿಯಿತು. ರಕ್ತ ನನ್ನ ಮುಖಕ್ಕೆ ಚಿಮ್ಮಿದಾಗ ನನಗಾದದ್ದು ಸಂತೋಷವೇ, ಸುಳ್ಳು ಹೇಳುವುದಿಲ್ಲ. ಅವನ ಕಡೆಯವರು ಬಿದ್ದು ಚಚ್ಚಿದರು. ಎರಡು ಹಲ್ಲು ಹೋದವು. ಪೊಲೀಸರು ಬಂದು ಎಳೆದೊಯ್ದರು. ನಾಲ್ಕು ದಿನ ಒಳಗಿದ್ದೆ.

ಅಮ್ಮ ನನ್ನ ಹಿಂದೆಯೇ ಸ್ಟೇಷನ್ನಿಗೆ ಓಡಿಬಂದು, ಕತ್ತಲಾಗುವವರೆಗೆ ಅದರ ಮೆಟ್ಟಿಲ ಮೇಲೆ ಕೂತಿದ್ದಳು. ಅಷ್ಟು ಹೊತ್ತೂ ಅಣ್ಣ ಆ ಒಂದೇ ಮೂಳೆಯ ಮೇಲೆ, ಒದ್ದೆಯಲ್ಲಿ, ಒಬ್ಬನೇ ಬಿದ್ದಿದ್ದ. ಮುಂದಿನ ದಿನಗಳಲ್ಲೂ ಅವಳೊಬ್ಬಳ ಕೈಲಿ ಅವನನ್ನು ಎತ್ತಿ ಸರಿಸಲು ಆಗಲಿಲ್ಲ. ಊರು ಎರಡು ಪಕ್ಷವಾಗಿತ್ತು. ನಮ್ಮ ಹೊಸಿಲು ತುಳಿಯಲು ಪಕ್ಕದ ಮನೆಯವರೂ ಹೆದರಿದರು.

ಐದನೇ ದಿನ ಜಾಮೀನಿನ ಮೇಲೆ ನಾನು ಮನೆಗೆ ಬಂದಾಗ ಬಾಗಿಲಲ್ಲಿ ಮೊಪೆಡ್ಡು ನಿಂತಿತ್ತು. ಒಳಗೆ ಕಾಲಿಡುವ ಮೊದಲೇ ವಾಸನೆ ಬಡಿಯಿತು. ಡ್ರೆಸ್ಸರ್ ಈ ಸಲ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಕೈ ತೊಳೆದುಕೊಂಡು ಗ್ಲೌಸ್ ಹಾಕ್ಕೋ ಎಂದರು. ಹಾಕಿಕೊಂಡೆ. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬಲ ಸೊಂಟದ ಮೇಲೆ ಅಂಗೈಯಗಲ ಕಪ್ಪಗಾಗಿ, ನಡುವೆ ಬಾಯಿ ಬಿಟ್ಟಿತ್ತು. ಅವರು ನನ್ನ ಮಣಿಕಟ್ಟು ಹಿಡಿದು ಬೆರಳನ್ನು ಆ ಬಾಯೊಳಗೆ ಇಳಿಸಿದರು. ಮೇಲಿನ ತೂತು ಚಿಕ್ಕದು. ಒಳಗೆ ಬೆರಳು ಪೂರ್ತಿ ಹೋಯಿತು, ಪಕ್ಕಕ್ಕೂ ಹೋಯಿತು. ತುದಿಗೆ ಏನೋ ಗಟ್ಟಿಯಾಗಿ ತಾಗಿತು.

"ಅದು ಮೂಳೆ" ಎಂದರು.

"ಈಗ ಎಲ್ಲಿ ಮುಟ್ತಾ ಇದೀರಾ?" ಎಂದು ಅಣ್ಣ ಗೋಡೆಗೆ ಕೇಳಿದ.

ಡ್ರೆಸ್ಸರ್ ನನ್ನ ಕೈಯನ್ನು ಬಿಡಲಿಲ್ಲ. ದನಿ ಎತ್ತಲೂ ಇಲ್ಲ. "ನಿಮ್ಮ ಚಿಕ್ಕಪ್ಪನ ಮಗನ ಕೈಗೂ ನಾನೇ ಹೋಗಿ ಕಟ್ಟಿ ಬಂದೆ. ಏಳು ಹೊಲಿಗೆ. ಹದಿನೈದು ದಿನಕ್ಕೆ ಒಣಗುತ್ತೆ. ಇದು ವರ್ಷವಾದ್ರೂ ಮುಚ್ಚುತ್ತೋ ಇಲ್ವೋ, ನಂಜೇರಿದ್ರೆ ಇವನೇ ಇರಲ್ಲ. ಸೊಂಟ ಮುರಿದಿದ್ದು ಅವನು. ಇದನ್ನ ಮಾಡಿದ್ದು ನೀನು."

ನಾನು ಗ್ಲೌಸ್ ಕಿತ್ತೆಸೆದು ಅಂಗಳಕ್ಕೆ ಓಡಿಹೋದೆ. ಹಗೆಯವನ ಕೈಗೆ ಬ್ಯಾಂಡೇಜು ಕಟ್ಟಿ ಅದೇ ಬೆರಳಿನಿಂದ ನನ್ನ ಅಣ್ಣನನ್ನು ಮುಟ್ಟಿದ ಮನುಷ್ಯನನ್ನು ಅಲ್ಲೇ ಕೆಡವಿ ತುಳಿಯಬೇಕು ಅನ್ನಿಸಿತ್ತು. ಅವರ ಮಾತಿನಲ್ಲಿ ಸುಳ್ಳು ಹುಡುಕಿದೆ, ಸಿಗಲಿಲ್ಲ. ಮುಖ ತೊಳೆದು ಒಳಗೆ ಬಂದಾಗ ಅವರು ಗಾಜ್ ಬಟ್ಟೆ ನೆನೆಸುತ್ತಿದ್ದರು. ಬಟ್ಟಲು ಹಿಡಿ ಎಂದರು, ಹಿಡಿದೆ.

ಮಾರನೆಯ ದಿನವೇ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಸತ್ತ ಮಾಂಸವನ್ನು ಕತ್ತರಿಸಿ ತೆಗೆದರು. ಜ್ವರ ಬಂದು ಎರಡು ಸಲ ಅಣ್ಣ ಕೈ ತಪ್ಪಿಹೋಗುವ ಹಾಗಾಗಿ ಉಳಿದುಕೊಂಡ. ಮನೆಗೆ ತಂದ ಮೇಲೆ ದಿನಾ ಬೆಳಗ್ಗೆ ಡ್ರೆಸ್ಸರ್ ಬಂದರು. ಒಂದು ದಿನವೂ ತಪ್ಪಿಸಲಿಲ್ಲ. ಗಾಯ ತೊಳೆದು, ಒಳಗೆಲ್ಲ ಗಾಜ್ ತುಂಬುವುದನ್ನು ನನಗೆ ಕಲಿಸಿದರು. ಒಂದು ತಿಂಗಳಾದ ಮೇಲೆ ತಾವು ಕುರ್ಚಿಯಲ್ಲಿ ಕೂತು, ಕೆಲಸ ನನ್ನ ಕೈಲೇ ಮಾಡಿಸಿ, ತಪ್ಪಿದಾಗ ಕಾಲಿನಿಂದ ಒದೆಯುತ್ತಿದ್ದರು. ಚಿಕ್ಕಪ್ಪನ ಮಗನ ಹೆಸರೆತ್ತಿದರೆ ಗಂಟೆ ಎಷ್ಟಾಯಿತು ನೋಡು ಎನ್ನುವರು. ಎರಡು ಗಂಟೆಗೊಮ್ಮೆ ಅಣ್ಣನನ್ನು ಎತ್ತಿ ಮಲಗಿಸುವವನಿಗೆ ದ್ವೇಷ ಸಾಧಿಸಲು ಬಿಡುವು ಸಾಲುವುದಿಲ್ಲ. ಸಿಟ್ಟು ಹೋಗಲಿಲ್ಲ, ಈಗಲೂ ಇದೆ. ಕೇಸು ಎರಡೂ ನಡೆಯುತ್ತಿವೆ.

ಗಾಯ ಮುಚ್ಚಲು ಹತ್ತು ತಿಂಗಳು ಹಿಡಿಯಿತು. ಈಗ ಅಣ್ಣ ಗಾಲಿಕುರ್ಚಿಯಲ್ಲಿ ಕೂತು ರೇಷ್ಮೆಗೂಡು ಬಿಡಿಸುತ್ತಾನೆ. ನಡುನಡುವೆ ಎರಡೂ ಕೈ ಊರಿ ಸೊಂಟವನ್ನು ಮೇಲಕ್ಕೆತ್ತಿ ಹಿಡಿದು ಇಳಿಸುತ್ತಾನೆ, ಅದೂ ಡ್ರೆಸ್ಸರ್ ಕಲಿಸಿದ್ದೇ. ಮುಚ್ಚಿದ ಗಾಯವನ್ನು ನೋಡಲು ಮಾತ್ರ ಅವರು ಇರಲಿಲ್ಲ.

ಏಳನೇ ತಿಂಗಳು ನಡೆಯುತ್ತಿತ್ತು. ನಮ್ಮ ಮನೆಗೇ ಹೊರಟಿದ್ದವರ ಮೊಪೆಡ್ಡಿನ ಮೇಲೆ ಜಲ್ಲಿ ತುಂಬಿದ ಟಿಪ್ಪರ್ ಹರಿಯಿತು. ಸುದ್ದಿ ಬಂದಾಗ ಬೆಳಗಿನ ಹತ್ತು ಗಂಟೆ. ಅವರು ಯಾಕೋ ತಡ ಮಾಡಿದರು ಎಂದುಕೊಂಡು ನಾನೇ ಗಾಯ ಬಿಚ್ಚಿ ಕೂತಿದ್ದೆ. ಅಮ್ಮ ಜ್ವರದಿಂದ ಏಳಲಾರದೆ ಮಲಗಿದ್ದಳು. ಫೋನಿನಲ್ಲಿ ಹೇಳಿದ್ದು ಅಣ್ಣನಿಗೂ ಕೇಳಿಸಿತ್ತು. ನೀನು ಹೋಗು, ನಾನು ಹೀಗೇ ಇರುತ್ತೇನೆ, ಒಂದು ದಿನಕ್ಕೆ ಏನೂ ಆಗಲ್ಲ ಎಂದ. ಅಳುತ್ತಲೇ ಹೇಳಿದ.

ನಾನು ಹೋಗಲಿಲ್ಲ. ಗಾಯ ತೊಳೆದೆ, ಗಾಜ್ ತುಂಬಿದೆ, ಎಡಕ್ಕೆ ವಾಲಿಸಿ ದಿಂಬು ಕೊಟ್ಟೆ. ಅನುಗೊಂಡನಹಳ್ಳಿಯಲ್ಲಿದ್ದ ಸೋದರಮಾವನಿಗೆ ಫೋನ್ ಮಾಡಿ ಬರಹೇಳಿದೆ. ಹನ್ನೆರಡಕ್ಕೆ ಬೆನ್ನ ಮೇಲೆ, ಎರಡಕ್ಕೆ ಮತ್ತೆ ಎಡಕ್ಕೆ. ಗಾಯವಿದ್ದ ಬಲಕ್ಕೆ ಮಲಗಿಸುವಂತಿರಲಿಲ್ಲ. ಕಾಯುತ್ತಿದ್ದಷ್ಟು ಹೊತ್ತೂ ಟಿಪ್ಪರಿನವನನ್ನು ಕೊಚ್ಚಿಹಾಕಬೇಕು ಎನ್ನಿಸುತ್ತಿತ್ತು. ಮಾವ ಬಂದಾಗ ನಾಲ್ಕು. ಇಬ್ಬರೂ ಸೇರಿ ಅಣ್ಣನನ್ನು ಎತ್ತಿ ಮಲಗಿಸಿ, ಮುಂದಿನ ಸರದಿಯನ್ನು ಅವರಿಗೆ ತೋರಿಸಿಕೊಟ್ಟು ಹೊರಟೆ.

ಡ್ರೆಸ್ಸರ ಮನೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೇಹ ಇಡುವ ಸ್ಥಿತಿಯಲ್ಲಿ ಇರಲಿಲ್ಲವಂತೆ. ಪೋಸ್ಟ್‌ಮಾರ್ಟಂ ಆದ ಕೂಡಲೇ ತಂದು ಮಣ್ಣು ಮಾಡಿ ಬಂದಿದ್ದರು. ಅಂಗಳ ತೊಳೆದ ನೀರು ಇನ್ನೂ ಆರಿರಲಿಲ್ಲ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು, "ಈಗ ಬಂದ್ಯೇನಪ್ಪಾ? ನಿನ್ ದಾರಿ ಎಷ್ಟೊತ್ತು ನೋಡಿದ್ವಿ" ಎಂದರು.

ಅಣ್ಣನನ್ನು ತಿರುಗಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ, ಬಿಟ್ಟು ಬರಲಾಗಲಿಲ್ಲ ಎಂದೆ. ಆ ತಾಯಿ ಅಂದರು:

"ಒಳ್ಳೇದೇ ಮಾಡ್ದೆ ಬಿಡು. ಅವನನ್ನ ಹಾಗೇ ಬಿಟ್ಟು ಬಂದಿದ್ರೆ ಅವ್ರೇ ಎದ್ದು ಬಂದು ಹೊಡೆದಿರೋರು."

ಎದ್ದು ಬಂದು ಹೊಡೆಯಬಾರದೇ ಎಂದು ನಾನು ಆ ಅಂಗಳದಲ್ಲೇ ಕೂತು ಅತ್ತೆ.